ಹಿಮಚಿರತೆಗೆ ಆರತಿ, ಚಿರತೆಗೆ ಪಂಜರ

ಚಳಿಗಾಲ ಬಂತೆಂದರೆ ಮುಂಬಯಿ ಕನ್ನಡಿಗರ ವಲಯದಲ್ಲಿ ಈಚೆಗೆ ಹೊಸ ಬಗೆಯ ತೀರ್ಥಯಾತ್ರೆಯೊಂದರ ಮಾತು ಕೇಳತೊಡಗುತ್ತದೆ. ಹಿಂದೆ ಕಾಶಿಗೆ ಹೋದವರು ಗಂಗೆಯ ತಂಬಿಗೆ ತರುತ್ತಿದ್ದರು. ಈಗ ಲಡಾಖಿನ ಉಲ್ಲೆಗೋ ಹಿಮಾಚಲದ ಸ್ಪಿತಿ ಕಣಿವೆಯ ಕಿಬ್ಬರ್‌ಗೋ ಹೋದವರು ಹಿಮಚಿರತೆಯ ಚಿತ್ರ ತರುತ್ತಾರೆ. ಸಣ್ಣ ತಂಡ, ಆರೇ ಮಂದಿ, ಜೊತೆಗೆ ಪಳಗಿದ ಛಾಯಾಗ್ರಾಹಕನೊಬ್ಬನ ಮಾರ್ಗದರ್ಶನ, ತಲೆಗೆ ಲಕ್ಷಗಟ್ಟಲೆ ಖರ್ಚು. ಮರಳಿದ ಮೇಲೆ ಸಂಘದ ಸಭಾಂಗಣದಲ್ಲಿ ಪರದೆ ಇಳಿಯುತ್ತದೆ, ದೀಪ ಆರುತ್ತದೆ, ಬೂದುಬಣ್ಣದ ಬಂಡೆಗಳ ನಡುವೆ ಬೂದುಬಣ್ಣದ ಪ್ರಾಣಿಯೊಂದು ಬಾಲವನ್ನು ಮೈಗೆ ಸುತ್ತಿಕೊಂಡು ಮಲಗಿರುವುದು ಕಾಣುತ್ತದೆ. 'ಪ್ರಕೃತಿಪ್ರೇಮಿ', 'ಸಾಹಸಿ' ಎಂಬ ವಿಶೇಷಣಗಳೊಂದಿಗೆ ಶಾಲು ಹೊದಿಸಲಾಗುತ್ತದೆ. ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ.

ಆ ಚಪ್ಪಾಳೆಯ ಕುರಿತೇ ನನ್ನ ತಕರಾರು. ಹಿಮಚಿರತೆಯನ್ನು ನೋಡಬೇಕೆಂಬ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ದುಡಿದ ದುಡ್ಡನ್ನು ಯಾರು ಎಲ್ಲಿ ಚೆಲ್ಲಬೇಕೆಂದು ವಿಧಿಸುವ ಅಧಿಕಾರವೂ ನನಗಿಲ್ಲ. ಆದರೆ ಹಣ ಕೊಟ್ಟು ಕೊಂಡ ನೋಟವನ್ನು ಪ್ರೇಮವೆಂದು ಕರೆಯುವಾಗ, ಆ ಪ್ರೇಮದ ನಿಜವಾದ ಬೆಲೆಯನ್ನು ಯಾರು ತೆರುತ್ತಿದ್ದಾರೆಂದು ಕೇಳುವ ಹಕ್ಕು ಸಭಿಕನಿಗೆ ಇದೆ.

ಮೊದಲು ಈ ನೋಟ ಒದಗುವ ಬಗೆಯನ್ನು ನೋಡೋಣ. 2024ರ ಜನವರಿಯಲ್ಲಿ ಪ್ರಕಟವಾದ ರಾಷ್ಟ್ರೀಯ ಗಣತಿಯ ಅಂದಾಜಿನಂತೆ ಭಾರತದಲ್ಲಿರುವ ಹಿಮಚಿರತೆಗಳು 718. ಅವುಗಳಲ್ಲಿ 477 ಲಡಾಖಿನಲ್ಲೇ ಇವೆ, ಹಿಮಾಚಲದಲ್ಲಿ 51. ಇಷ್ಟು ವಿರಳವಾದ, ಬಂಡೆಯೊಡನೆ ಬಂಡೆಯಾಗಿಬಿಡುವ ಪ್ರಾಣಿ ಒಂದು ವಾರದ ರಜೆ ಹಾಕಿ ಬಂದವನಿಗೆ ಸಿಗುವುದಾದರೂ ಹೇಗೆ? ಚಳಿಗಾಲದಲ್ಲಿ ಭರಲ್ ಎಂಬ ನೀಲಿಕುರಿಗಳು ಮೇವನ್ನರಸಿ ಕೆಳಗಿನ ಇಳಿಜಾರುಗಳಿಗೆ ಇಳಿಯುತ್ತವೆ, ಅವುಗಳ ಬೆನ್ನಿಗೆ ಹಿಮಚಿರತೆಯೂ ಇಳಿಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಅದರ ಬೆದೆಗಾಲ; ಗಂಡುಹೆಣ್ಣುಗಳು ಒಂದನ್ನೊಂದು ಕೂಗುತ್ತವೆ, ಬಂಡೆಗಳಿಗೆ ವಾಸನೆಯ ಗುರುತು ಹಚ್ಚುತ್ತ ತಿರುಗುತ್ತವೆ. ಕಿಬ್ಬರ್ ಇರುವುದು 4,200 ಮೀಟರ್‌ಗಿಂತ ಎತ್ತರದಲ್ಲಿ. ಅಲ್ಲಿನ ತರುಣರು ಮುಂಜಾವಿನ ಕತ್ತಲೆಯಲ್ಲೇ ದಿಬ್ಬವೇರಿ ದೂರದರ್ಶಕಕ್ಕೆ ಕಣ್ಣು ಹಚ್ಚಿ ಎದುರಿನ ಬೆಟ್ಟದ ಒಂದೊಂದು ಬಿರುಕನ್ನೂ ಜಾಲಾಡುತ್ತಾರೆ. ಹೆಜ್ಜೆಗುರುತು ಕಂಡವರು, ಹದ್ದುಗಳ ಸುತ್ತಾಟದಿಂದ ಬೇಟೆ ಬಿದ್ದ ಜಾಗವನ್ನು ಊಹಿಸಿದವರು, ಭರಲ್‌ಗಳ ಎಚ್ಚರಿಕೆಯ ಸಿಳ್ಳು ಕೇಳಿ ತಿರುಗಿದವರು ಅವರು. ಕಂಡ ಮೇಲೆ ಫೋನು ಹೋಗುತ್ತದೆ. ಆಗ ಬುಖಾರಿಯ ಬಿಸಿಯಲ್ಲಿ ಚಹಾ ಕುಡಿಯುತ್ತಿದ್ದ ನಮ್ಮ ಸಾಹಸಿ ಎದ್ದು, 600 ಮಿಲಿಮೀಟರ್ ಲೆನ್ಸನ್ನು ಇನ್ನೊಬ್ಬರ ಹೆಗಲ ಮೇಲೆ ಹೊರಿಸಿಕೊಂಡು ಬಂದು, ತೋರಿಸಿದ ದಿಕ್ಕಿಗೆ ಗುರಿ ಹಿಡಿಯುತ್ತಾನೆ. ಗುಂಡಿಯನ್ನು ಒತ್ತಿದ ಬೆರಳು ಅವನದು, ಕಣ್ಣು ಮಾತ್ರ ಬೇರೆಯವರದು. ಚಿತ್ರದ ಮೂಲೆಯಲ್ಲಿ ಅಚ್ಚಾಗುವ ಹೆಸರು ಯಾರದೆಂದು ಹೇಳಬೇಕಾಗಿಲ್ಲ.

'ಸಣ್ಣ ತಂಡ' ಎಂಬ ಮಾತಿಗೂ ಒಂದು ಟಿಪ್ಪಣಿ ಬೇಕು. ಆರು ಜನರ ತಂಡ ಸಣ್ಣದೇ. ಆದರೆ ಆರಾರು ಜನರ ಐದು ತಂಡಗಳು ಒಂದೇ ಕಣಿವೆಯ ಒಂದೇ ಅಂಚಿನಲ್ಲಿ ಒಂದೇ ಪ್ರಾಣಿಗಾಗಿ ಟ್ರೈಪಾಡ್ ಊರಿದಾಗ ಅದನ್ನು ಸಣ್ಣದೆನ್ನಲು ಗಣಿತ ಒಪ್ಪುವುದಿಲ್ಲ. ಪ್ರತಿ ತಂಡವೂ ಸಣ್ಣದಾಗಿರುವುದರಿಂದ ಯಾರಿಗೂ ತಾನು ಜಾತ್ರೆಯ ಭಾಗವೆಂದು ಅನ್ನಿಸುವುದಿಲ್ಲ, ಅಷ್ಟೇ.

ಇಂಗ್ಲಿಷ್ ಸಾಹಿತ್ಯ ಓದಿದವನಾದ ನನಗೆ ಇಲ್ಲಿ ಪೀಟರ್ ಮ್ಯಾಥಿಸನ್ ನೆನಪಾಗುತ್ತಾನೆ. 1973ರ ಶರತ್ಕಾಲದಲ್ಲಿ ಜಾರ್ಜ್ ಶಾಲರ್ ಎಂಬ ಪ್ರಾಣಿವಿಜ್ಞಾನಿಯ ಜೊತೆ ನೇಪಾಳದ ದೋಲ್ಪೋ ಪ್ರಾಂತಕ್ಕೆ ನಡೆದುಹೋದ ಮ್ಯಾಥಿಸನ್, 1978ರಲ್ಲಿ ಪ್ರಕಟಿಸಿದ ತನ್ನ ಪುಸ್ತಕಕ್ಕೆ ಹಿಮಚಿರತೆಯ ಹೆಸರನ್ನೇ ಇಟ್ಟ. ಅಷ್ಟೂ ದಾರಿಯಲ್ಲಿ ಅವನಿಗೆ ಹಿಮಚಿರತೆ ಕಾಣಲೇ ಇಲ್ಲ. ಕಾಣದ ಪ್ರಾಣಿಯ ಮೇಲೆ ಅಂಥದೊಂದು ಪುಸ್ತಕ ಹುಟ್ಟಿತು. ಕಂಡವರ ಸಾವಿರಾರು ಚಿತ್ರಗಳಿಂದ ನಮ್ಮ ಭಾಷೆಯಲ್ಲಿ ಇನ್ನೂ ಒಂದು ಒಳ್ಳೆಯ ಪ್ರಬಂಧವೂ ಹುಟ್ಟಿದಂತಿಲ್ಲ. ಕಾಣುವುದು ಖಾತ್ರಿಯಾದಲ್ಲಿ ಕಾಯುವುದು ಸಾಯುತ್ತದೆ, ಕಾಯದವನಿಗೆ ಬರೆಯಲು ಏನಿರುತ್ತದೆ?

ಇದಕ್ಕೆ ಬರುವ ಉತ್ತರ ನನಗೆ ಗೊತ್ತು: ಪ್ರವಾಸಿಯ ಹಣದಿಂದಲೇ ಆ ಊರುಗಳು ಹಿಮಚಿರತೆಯನ್ನು ಉಳಿಸಿಕೊಂಡಿವೆ. ಈ ಮಾತಿನಲ್ಲಿ ಸತ್ಯವಿದೆ. ಲಡಾಖಿನಲ್ಲಿ ದಿವಂಗತ ರಿಂಚೆನ್ ವಾಂಗ್‌ಚುಕ್ ಅವರು ಹೆಮಿಸ್ ಉದ್ಯಾನದ ರುಂಬಕ್‌ನಂಥ ಹಳ್ಳಿಗಳಲ್ಲಿ ಮನೆವಾಸ್ತವ್ಯದ ವ್ಯವಸ್ಥೆಯನ್ನು ಕಟ್ಟಿದ್ದು ಈ ನಂಬಿಕೆಯಿಂದಲೇ. ಕೊಟ್ಟಿಗೆಗೆ ನುಗ್ಗಿ ಒಂದೇ ರಾತ್ರಿಯಲ್ಲಿ ಹತ್ತಾರು ಕುರಿಗಳನ್ನು ಕೊಂದ ಹಿಮಚಿರತೆಯನ್ನು ಕಲ್ಲು ಹೊಡೆದು ಸಾಯಿಸುತ್ತಿದ್ದ ಕಡೆ, ಅದನ್ನು ನೋಡಬಂದವರಿಗೆ ಹಾಸಿಗೆ ಹಾಸಿ ಊಟ ಬಡಿಸುವ ದಾರಿ ತೆರೆದುಕೊಂಡಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಸಹನೆಯ ಕಥೆ ನಮ್ಮ ಕ್ಯಾಮೆರಾಗಳಿಗಿಂತ ಹಳೆಯದು. 1990ರ ದಶಕದ ನಡುವೆ ಚಾರುದತ್ತ ಮಿಶ್ರಾ ಅವರು ಕಿಬ್ಬರ್‌ನಲ್ಲಿ ಅಧ್ಯಯನ ಮಾಡಿದಾಗ, ಹದಿನೆಂಟು ತಿಂಗಳಲ್ಲಿ ತಮ್ಮ ಜಾನುವಾರುಗಳಲ್ಲಿ ನೂರಕ್ಕೆ 18ರಷ್ಟನ್ನು ಕಾಡುಪ್ರಾಣಿಗಳು ಕೊಂದಿವೆಯೆಂದು ಊರವರು ಲೆಕ್ಕ ಕೊಟ್ಟಿದ್ದರು. ಸರ್ಕಾರದ ಪರಿಹಾರ ಅದರ ಚೂರುಪಾರನ್ನೂ ತುಂಬುತ್ತಿರಲಿಲ್ಲ. ಅಂಥ ಊರು ಮುಂದೆ ತನ್ನ ಹುಲ್ಲುಗಾವಲಿನ ಒಂದು ಭಾಗದಲ್ಲಿ ಜಾನುವಾರು ಮೇಯಿಸುವುದನ್ನು ನಿಲ್ಲಿಸಿ ಅದನ್ನು ಭರಲ್‌ಗಳಿಗೆ ಬಿಟ್ಟುಕೊಟ್ಟಿತು. 2002ರ ಹೊತ್ತಿಗೆ ಜಾನುವಾರುಗಳಿಗೆ ತಾವೇ ಕಂತು ಕಟ್ಟಿ ನಡೆಸುವ ವಿಮೆಯನ್ನು ಆರಂಭಿಸಿತು. ಈ ಕೆಲಸದಲ್ಲಿ ಊರವರ ಜೊತೆಗಿದ್ದದ್ದು ನೇಚರ್ ಕನ್ಸರ್ವೇಷನ್ ಫೌಂಡೇಷನ್. ಅದು 1996ರಲ್ಲಿ ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ. ಸ್ಪಿತಿಗೂ ಕನ್ನಡನಾಡಿಗೂ ಇರುವ ನಿಜವಾದ ನಂಟು ಇದು. ಸಭಾಂಗಣದ ಪರದೆಯ ಮೇಲೆ ಇದರ ಸುದ್ದಿ ಬಂದದ್ದನ್ನು ನಾನಂತೂ ಕಂಡಿಲ್ಲ.

ಇನ್ನು ಕಾಂದಿವಲಿಗೆ ಬರುತ್ತೇನೆ. ರೈಲುಹಳಿಯ ಪೂರ್ವಕ್ಕೆ ಆಕುರ್ಲಿ ರಸ್ತೆ ಹಿಡಿದು ಹೋದರೆ ಗಗನಚುಂಬಿಗಳ ಕಾಡು ಮುಗಿಯುವಲ್ಲಿ ನಿಜವಾದ ಕಾಡು ಎದುರಾಗುತ್ತದೆ. ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಅದು. ಅಲ್ಲಿಯೂ ಅದರ ಅಂಚಿನಲ್ಲಿಯೂ 2015ರ ಅಧ್ಯಯನದಲ್ಲಿ 35 ಚಿರತೆಗಳು ಲೆಕ್ಕಕ್ಕೆ ಸಿಕ್ಕಿದ್ದವು, 2018ರಲ್ಲಿ 47. 2024ರ ಆ ಗಣತಿ ಇಡೀ ಹಿಮಾಚಲಕ್ಕೆ ಅಂದಾಜಿಸಿದ್ದ ಹಿಮಚಿರತೆಗಳಿಗೆ ಹೆಚ್ಚುಕಡಿಮೆ ಸಮವಾದ ಸಂಖ್ಯೆ ನಮ್ಮ ಲೋಕಲ್ ರೈಲಿನ ಸದ್ದು ಕೇಳುವಷ್ಟು ದೂರದಲ್ಲಿದೆ. ಕಾಡು ಕಾಣುವ ಕಿಟಕಿಯಿರುವ ಫ್ಲ್ಯಾಟಿಗೆ ಬಿಲ್ಡರು ಹೆಚ್ಚು ಬೆಲೆ ಹೇಳುತ್ತಾನೆ, ನಾವು ಕೊಡುತ್ತೇವೆ. ಆದರೆ ಆ ಕಾಡಿನದೊಂದು ಜೀವಿ ರಾತ್ರಿ ಎರಡು ಗಂಟೆಗೆ ಕಾಂಪೌಂಡಿನ ಗೋಡೆಯ ಮೇಲೆ ನಡೆದುಹೋದದ್ದು ಸಿಸಿಟಿವಿಯಲ್ಲಿ ಕಂಡೊಡನೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಬೊಬ್ಬೆ ಏಳುತ್ತದೆ: ಅರಣ್ಯ ಇಲಾಖೆಯವರು ಏನು ಮಾಡುತ್ತಿದ್ದಾರೆ, ಪಂಜರ ಇಡಿಸಿ, ಹಿಡಿದು ದೂರ ಸಾಗಿಸಿ. ಹಾಗೆ ಬರೆದವರಲ್ಲಿ ಒಬ್ಬರ ಪ್ರೊಫೈಲ್ ಚಿತ್ರದಲ್ಲಿ ಹಿಮಚಿರತೆ ಇದ್ದುದನ್ನು ನಾನು ನೋಡಿದ್ದೇನೆ. ಸ್ವತಃ ತೆಗೆದದ್ದು.

ಹಿಡಿದು ಸಾಗಿಸುವುದರ ಫಲವೇನೆಂಬುದು ಮಹಾರಾಷ್ಟ್ರಕ್ಕೆ ಚೆನ್ನಾಗಿ ಗೊತ್ತಿರಬೇಕಾದ ಪಾಠ. ಈ ಶತಮಾನದ ಆರಂಭದಲ್ಲಿ ಪುಣೆ ಜಿಲ್ಲೆಯ ಜುನ್ನರ್ ಸುತ್ತ ಚಿರತೆಗಳನ್ನು ಹಿಡಿಹಿಡಿದು ಬೇರೆ ಕಾಡುಗಳಿಗೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿಗಳು ಕಡಿಮೆಯಾಗುವ ಬದಲು ಹೆಚ್ಚಿದವೆಂದು ವಿದ್ಯಾ ಅಥ್ರೇಯ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಗುರುತಿಲ್ಲದ ನೆಲದಲ್ಲಿ ಬಿಟ್ಟ ಚಿರತೆ ದಿಕ್ಕೆಟ್ಟ ಚಿರತೆ. ಖಾಲಿಯಾದ ಜಾಗಕ್ಕೆ ಹೊಸದೊಂದು ಬರುವುದೂ ತಪ್ಪುವುದಿಲ್ಲ. ಇಷ್ಟಾದರೂ ಪಂಜರದ ಬೇಡಿಕೆ ನಿಂತಿಲ್ಲ, ಏಕೆಂದರೆ ಪಂಜರ ಕಣ್ಣಿಗೆ ಕಾಣುತ್ತದೆ.

ಹಿಮಚಿರತೆ ಮನುಷ್ಯನನ್ನು ಕೊಂದ ನಂಬಲರ್ಹ ದಾಖಲೆಯಿಲ್ಲ, ನಮ್ಮ ಚಿರತೆ ಕೊಂದಿದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುತ್ತೀರಿ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. 2004ರ ಜೂನ್ ತಿಂಗಳು ಈ ಉಪನಗರಗಳಿಗೆ ಭಯಾನಕವಾಗಿತ್ತು. 2022ರ ದೀಪಾವಳಿಯಂದು ಆರೆಯಲ್ಲಿ ಒಂದೂವರೆ ವರ್ಷದ ಮಗುವೊಂದು ಚಿರತೆಗೆ ಬಲಿಯಾಯಿತು. ಇದನ್ನು ಹಗುರಾಗಿ ಆಡುವ ಧೈರ್ಯ ಯಾರಿಗೂ ಬೇಡ. ಆದರೆ ಸತ್ತವರು ಯಾರು? ಕಾಡಿನಂಚಿನ ಗುಡಿಸಲುಗಳವರು, ಪಾಡಾಗಳ ಮಕ್ಕಳು, ಶೌಚಾಲಯವಿಲ್ಲದೆ ಕತ್ತಲಲ್ಲಿ ಹೊರಗೆ ಹೋಗಬೇಕಾದವರು. ಇಪ್ಪತ್ತೆರಡನೆಯ ಮಹಡಿಯಿಂದ ಪಂಜರ ಕೇಳುವವನಿಗೆ ಚಿರತೆಯಿಂದ ಬಂದಿರುವ ಅಪಾಯ ಲಿಫ್ಟಿನಿಂದ ಬಂದಿರುವುದಕ್ಕಿಂತ ಹೆಚ್ಚೇನೂ ಅಲ್ಲ. ದಾಮು ನಗರದ ಗಲ್ಲಿಗೆ ಬೀದಿದೀಪ ಬೇಕು, ಶೌಚಾಲಯ ಬೇಕು ಎಂದು ನಮ್ಮ ಸೊಸೈಟಿಗಳಿಂದ ಒಂದು ಅರ್ಜಿ ಹೋದದ್ದುಂಟೇ? ನಾನು ಹೇಳುತ್ತಿರುವ ಇಬ್ಬಂದಿತನ ಇದೇ. ಕಿಬ್ಬರ್‌ನ ಕುರುಬ ತನ್ನ ಯಾಕ್‌ ಕರುವನ್ನು ಕಳೆದುಕೊಂಡೂ ಮೃಗವನ್ನು ಸಹಿಸಿಕೊಳ್ಳಲಿ, ಅದರಿಂದ ನಮಗೊಂದು ಚಿತ್ರ ಸಿಗಲಿ; ನಮ್ಮ ಗೋಡೆಯ ಮೇಲೆ ಮಾತ್ರ ಮೃಗದ ನೆರಳೂ ಬೀಳದಿರಲಿ. ನಾವು ಚಳಿಗಾಲದ ಪ್ಯಾಕೇಜಿನಲ್ಲಿ ಕೊಳ್ಳುತ್ತಿರುವುದು ಇನ್ನೊಬ್ಬರ ಸಹನೆಯನ್ನು.

ನಮ್ಮ ನೌಕರವರ್ಗದ್ದೇ ಒಂದು ವಿಶೇಷವೂ ಇಲ್ಲಿದೆ. ಕೇಂದ್ರ ಸರ್ಕಾರದ ನೌಕರ ನಾಲ್ಕು ವರ್ಷಗಳ ಒಂದು ಬ್ಲಾಕ್‌ನಲ್ಲಿ ತನ್ನ ತವರೂರಿನ ಎಲ್‌ಟಿಸಿಯೊಂದನ್ನು ಬಿಟ್ಟುಕೊಟ್ಟರೆ ಅದಕ್ಕೆ ಬದಲಾಗಿ ಲಡಾಖಿಗೋ ಕಾಶ್ಮೀರಕ್ಕೋ ಈಶಾನ್ಯಕ್ಕೋ ಅಂಡಮಾನಿಗೋ ವಿಮಾನದಲ್ಲಿ ಹೋಗಿಬರಬಹುದು. ಇಂಥ ಬಿಲ್ಲುಗಳು ನನ್ನ ಮೇಜಿನ ಮೇಲೂ ಹಾದುಹೋಗುತ್ತವೆ. ನಿಯಮದಲ್ಲಿ ದೋಷವಿಲ್ಲ. ಆದರೆ 'ತವರೂರು' ಎಂಬ ಕಾಲಮ್ಮಿನಲ್ಲಿ ಕಾರ್ಕಳ, ಕುಂದಾಪುರ, ಪುತ್ತೂರು ಎಂದು ಬರೆದವರ ಅರ್ಜಿಯಲ್ಲಿ 'ಭೇಟಿ ನೀಡುವ ಸ್ಥಳ' ಲೇಹ್ ಎಂದಿರುವುದನ್ನು ಓದುವಾಗ ಯೋಚನೆ ಬರುತ್ತದೆ. ಆ ತವರೂರುಗಳಲ್ಲಿ ಚಿರತೆಯಿಲ್ಲವೇ? ಆವರಣವಿಲ್ಲದ ಬಾವಿಗೆ ರಾತ್ರಿ ಚಿರತೆ ಬಿದ್ದ, ಬೆಳಗ್ಗೆ ಊರವರು ಏಣಿ ಇಳಿಸಿದ ಸುದ್ದಿ ಕರಾವಳಿಯ ಪತ್ರಿಕೆಗಳಿಗೆ ಹೊಸದಲ್ಲ. ಅಲ್ಲಿ ಪಿಲಿಚಾಮುಂಡಿಗೆ ಕೋಲ ಕಟ್ಟುತ್ತಾರೆ. ಇಲ್ಲಿ ಆರೆಯ ವಾರ್ಲಿಗಳು ವಾಘೋಬಾನಿಗೆ ಹರಕೆ ಹೊರುತ್ತಾರೆ. ಎರಡೂ ಕಡೆ ಮೃಗಕ್ಕೆ ಕೈಮುಗಿಯುವವರು ಅದರ ಪಕ್ಕದಲ್ಲೇ ಬದುಕುವವರು.

ಚಿತ್ರ ತೆಗೆಯಬೇಕೆಂಬವರಿಗೆ ಮಾದರಿಗಳು ಬೇಕಾದಷ್ಟಿವೆ. ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಸುತ್ತಲಿನ ಹಕ್ಕಿಗಳನ್ನು ವರ್ಷಗಟ್ಟಲೆ ಬೆನ್ನುಹತ್ತಿ ಚಿತ್ರ ತೆಗೆದರು, ಬರೆದರು. ಮುಂಬಯಿಯವರೇ ಆದ ನಯನ್ ಖಾನೋಲ್ಕರ್ ಆರೆಯ ಗಲ್ಲಿಯೊಂದರಲ್ಲಿ ತಾನಾಗಿ ಕ್ಲಿಕ್ಕಿಸುವ ಕ್ಯಾಮೆರಾ ಇಟ್ಟು ಕಾದರು. ಬಲ್ಬಿನ ಬೆಳಕಿನಲ್ಲಿ ವಾರ್ಲಿಗಳ ಮನೆಗಳ ನಡುವೆ ಚಿರತೆಯೊಂದು ನಡೆದುಹೋಗುವ ಆ ಚಿತ್ರಕ್ಕೆ 2016ರ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದ ಇಯರ್ ಸ್ಪರ್ಧೆಯ ನಗರ ವಿಭಾಗದ ಪ್ರಶಸ್ತಿ ಬಂತು. ಅದರಲ್ಲಿ ಬೆಟ್ಟದ ಏಕಾಂತವಿಲ್ಲ; ಚಿರತೆ ಹಾದುಹೋಗುವ ಗೋಡೆಯಾಚೆ ಯಾರೋ ನಿದ್ದೆ ಮಾಡುತ್ತಿದ್ದಾರೆ. ಯಾವ ಹಿಮಚಿತ್ರಕ್ಕಿಂತಲೂ ಅದು ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದೆ.

ನಮ್ಮ ಬಳಗದ ಮುಂದೆ ಎರಡು ಬೇಡಿಕೆಗಳನ್ನು ಇಡುತ್ತೇನೆ. ಇನ್ನು ಮುಂದೆ ಇಂಥ ಚಿತ್ರಪ್ರದರ್ಶನಕ್ಕೆ ವೇದಿಕೆ ಕೊಡುವಾಗ, ಪ್ರತಿ ಚಿತ್ರದ ಕೆಳಗೆ ಪ್ರಾಣಿಯನ್ನು ಮೊದಲು ಕಂಡವನ ಹೆಸರನ್ನು, ಅವನು ಒಪ್ಪಿದರೆ, ಛಾಯಾಗ್ರಾಹಕನ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಹಾಕಬೇಕೆಂದು ಷರತ್ತು ವಿಧಿಸೋಣ. ಉಪನ್ಯಾಸ ಮುಗಿದ ಮೇಲೆ ಶಟರ್ ವೇಗದ ಬಗ್ಗೆ ಕೇಳುವುದಕ್ಕೆ ಮೊದಲು, ಆ ಚಳಿಗಾಲದಲ್ಲಿ ಆ ಊರು ಎಷ್ಟು ಕುರಿಗಳನ್ನು ಕಳೆದುಕೊಂಡಿತೆಂದು ಕೇಳೋಣ. ಗೊತ್ತಿಲ್ಲವೆಂದರೆ ಶಾಲನ್ನು ಮಡಚಿ ಒಳಗಿಡಬಹುದು.

ಇನ್ನೊಂದು ಇನ್ನೂ ಹತ್ತಿರದ್ದು. ಉದ್ಯಾನದ ಅಂಚಿನ ಸೊಸೈಟಿಗಳಲ್ಲಿ ನಮ್ಮವರು ಎಷ್ಟೋ ಮಂದಿ ಕಾರ್ಯದರ್ಶಿಗಳಾಗಿದ್ದಾರೆ, ಖಜಾಂಚಿಗಳಾಗಿದ್ದಾರೆ. ಚಿರತೆ ಗೋಡೆ ಹಾರಿ ಬರುವುದು ಬೀದಿನಾಯಿಗಾಗಿ, ನಾಯಿ ಬರುವುದು ಗೇಟಿನ ಪಕ್ಕ ಸುರಿದ ಕಸಕ್ಕಾಗಿ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಪಂಜರದ ಮನವಿಯನ್ನು ಹೊಡೆದುಹಾಕಿ, ಆ ಜಾಗದಲ್ಲಿ ಕಸದ ತೊಟ್ಟಿಗೆ ಭದ್ರವಾದ ಮುಚ್ಚಳ, ಹಿಂದಿನ ಗೋಡೆಗೆ ಎರಡು ದೀಪ, ವಾಚ್‌ಮನ್‌ಗೆ ಒಂದು ಟಾರ್ಚು ಎಂದು ಬರೆಸಲಿ. ದೊಡ್ಡ ಲೆನ್ಸೊಂದನ್ನು ವಾರಕ್ಕೆ ಬಾಡಿಗೆ ತರುವ ಹಣದಲ್ಲಿ ಇವಿಷ್ಟೂ ಆಗುತ್ತವೆ.