ಹೊಲದ ಮೃಗವೂ ಹೊಂಡದ ಮೀನೂ

ಗೃಹಸ್ಥನಿಗೆ ಹೇಳಿರುವ ಪಂಚ ಮಹಾಯಜ್ಞಗಳಲ್ಲಿ ಭೂತಯಜ್ಞವೆಂಬುದೊಂದುಂಟು. ತನ್ನ ಅನ್ನದಲ್ಲಿ ಒಂದು ಭಾಗವನ್ನು ಕಾಗೆಗೆ, ನಾಯಿಗೆ, ಕ್ರಿಮಿಕೀಟಗಳಿಗೆ ಎತ್ತಿಡುವುದೇ ಅದರ ಸಾರ. ಊಟಕ್ಕೆ ಮೊದಲು ಒಂದು ಹಿಡಿ ಅನ್ನವನ್ನು ಹೊರಗಿಟ್ಟು ಬರುವ ಪದ್ಧತಿಯು ನಮ್ಮ ಮನೆಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಆದರೆ ಅನ್ನವು ಹುಟ್ಟುವುದು ಅಡಿಗೆಮನೆಯಲ್ಲಲ್ಲ, ಹೊಲದಲ್ಲಿ. ಹೊಲದಲ್ಲಿ ಈ ಭಾಗವನ್ನು ಎತ್ತಿಡುವ ಕ್ರಮವೇನು, ಎಷ್ಟನ್ನು ಎತ್ತಿಡಬೇಕು, ಎತ್ತಿಟ್ಟವನಿಗೆ ಉಳಿಯುವುದೇನು ಎಂಬ ವಿಚಾರವನ್ನು ಈ ತಿಂಗಳು ವಾಚಕರ ಮುಂದಿಡುತ್ತೇನೆ. ನಾಲ್ಕೈದು ಎಕರೆ ಹೊಲವೂ ಅದರ ಮೂಲೆಯಲ್ಲೊಂದು ಕೃಷಿಹೊಂಡವೂ ಉಳ್ಳ ಸಂಸಾರಗಳು ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಅನೇಕ. ಅವರನ್ನು ಕುರಿತೇ ಈ ಮಾತು.

ಮೊದಲು ಈ ಸೀಮೆಯ ಸ್ವರೂಪವನ್ನು ನೆನೆಯೋಣ. ಬಾಬಾಬುಡನ್ ಗಿರಿಶ್ರೇಣಿಯ ಪೂರ್ವದ ಇಳಿಜಾರಿನಲ್ಲಿ ವೇದಾ, ಆವತಿ ಎಂಬ ಎರಡು ಹೊಳೆಗಳು ಹುಟ್ಟುವುವು. ವೇದೆಯು ಸಖರಾಯಪಟ್ಟಣದ ಅಯ್ಯನಕೆರೆಯನ್ನೂ ಆವತಿಯು ಮದಗದ ಕೆರೆಯನ್ನೂ ತುಂಬಿ, ಕಡೂರಿನ ಬಳಿ ಒಂದಾಗಿ ವೇದಾವತಿಯೆಂಬ ಹೆಸರನ್ನು ಪಡೆಯುವುವು. ತರೀಕೆರೆಯ ಪಶ್ಚಿಮಭಾಗವು ಮಲೆನಾಡು. ಲಕ್ಕವಳ್ಳಿಯ ಭದ್ರಾ ಜಲಾಶಯದ ಸುತ್ತ ಹುಲಿ, ಆನೆಗಳ ಕಾಡಿದೆ. ಕಡೂರಿನ ಬಹುಭಾಗವೂ, ಹಿಂದೆ ತರೀಕೆರೆಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಅಜ್ಜಂಪುರವೂ ಬಯಲುಸೀಮೆ. ಇದು ಕಾವಲುಗಳ ನಾಡು. ಮೈಸೂರಿನ ದೊರೆಗಳು ಅಮೃತಮಹಲ್ ದನಗಳ ಮೇವಿಗೆಂದು ಹುಲ್ಲುಗಾವಲುಗಳನ್ನು ಕಾದಿರಿಸಿದ್ದರು. ಆ ತಳಿಯ ಸಂವರ್ಧನ ಕೇಂದ್ರವು ಅಜ್ಜಂಪುರದಲ್ಲಿ ಇಂದಿಗೂ ಇದೆ. ದನಕ್ಕೆಂದು ಉಳಿಸಿದ ಹುಲ್ಲಿನಲ್ಲಿ ಕೃಷ್ಣಮೃಗವೂ ಉಳಿಯಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನ 7.36 ಚದರ ಕಿಲೋಮೀಟರು, ಎಂದರೆ ಸುಮಾರು 1,800 ಎಕರೆ ನೆಲವನ್ನು, 2011ರಲ್ಲಿ ಸರ್ಕಾರವು ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು.

ಕೃಷ್ಣಸಾರ ಮೃಗವು ಸ್ವಭಾವತಃ ಎಲ್ಲಿ ಸಂಚರಿಸುವುದೋ ಆ ದೇಶವೇ ಯಜ್ಞಕ್ಕೆ ಯೋಗ್ಯವಾದುದೆಂದು ಮನುವು ಹೇಳಿರುವನು. ಆ ಲಕ್ಷಣವು ನಮ್ಮ ಹೊಲಗಳ ಮಗ್ಗುಲಲ್ಲಿಯೇ ಉಳಿದುಬಂದಿದೆಯೆಂದು ನಾವು ಹೆಮ್ಮೆಪಡಬಹುದು. ಆದರೆ ಮೃಗಕ್ಕೆ ಸರ್ವೆಯ ಕಲ್ಲು ತಿಳಿಯದು. ಕಾವಲಿನಲ್ಲಿ ಹುಲ್ಲು ಒಣಗಿದಾಗ ಅದು ರಾಗಿಯ ಹೊಲಕ್ಕೆ ಬರುವುದು. ಆಗ ಅದು ಯಾರದು?

ಇಂಗ್ಲೆಂಡಿನಲ್ಲಿ ನೆಲದ ಒಡೆಯನಿಗೆ ಆ ನೆಲದ ಮೇಲೆ ಬೇಟೆಯ ಹಕ್ಕುಂಟು. ಆ ಹಕ್ಕಿಗಾಗಿಯೇ ಅವನು ಪೊದೆಗಳನ್ನು ಬೆಳೆಸಿ ಹಕ್ಕಿಗಳನ್ನು ಸಾಕುವನು. ನಮ್ಮಲ್ಲಿ ಆ ಮಾರ್ಗವಿಲ್ಲ. ಹಿಂದೆ ಬೇಟೆಯು ರಾಜವಿನೋದವಾಗಿದ್ದುದು ನಿಜ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗದ ಬೇಟೆಗೂ ಮೀನಿನ ಗಾಳಕ್ಕೂ ಬೇರೆಬೇರೆ ಅಧ್ಯಾಯಗಳಿವೆ. ಆದರೆ ಬೇಟೆಗೆ ಎಲ್ಲೆಯನ್ನು ಹಾಕುವ ಬುದ್ಧಿಯು ಅದಕ್ಕಿಂತಲೂ ಹಳೆಯದು. ಕೌಟಿಲ್ಯನು ಅಭಯವನದ ಮೃಗ, ಪಕ್ಷಿ, ಮತ್ಸ್ಯಗಳನ್ನು ಕೊಲ್ಲುವವರಿಗೆ ದಂಡವನ್ನು ವಿಧಿಸಿದನು. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕಾಪಾಡುವುದಕ್ಕೆ ಒಂದು ರೆಗ್ಯುಲೇಷನ್ ಹೊರಟಿತು. 1951ರಲ್ಲಿ ಜಾಗರ ಕಣಿವೆಯು ವನ್ಯಮೃಗಧಾಮವಾಯಿತು. ಅದೇ ಬೆಳೆದು ಇಂದಿನ ಭದ್ರಾ ಅಭಯಾರಣ್ಯವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದಮೇಲೆ, ಹೊಲವು ನಮ್ಮದಾದ ಮಾತ್ರಕ್ಕೆ ಅದರಲ್ಲಿ ಮೇಯುವ ಕೃಷ್ಣಮೃಗವಾಗಲಿ ಗರಿಬಿಚ್ಚಿ ಕುಣಿಯುವ ನವಿಲಾಗಲಿ ನಮ್ಮದಾಗುವುದಿಲ್ಲ. ಮೊಲಕ್ಕೆ ಉರುಳೊಡ್ಡುವುದೂ ಅಪರಾಧವೇ.

ಹಾಗಾದರೆ ಒಡೆಯನು ಮಾಡತಕ್ಕದ್ದೇನು? ಶಾಕುಂತಲದ ಮೊದಲ ಅಂಕವನ್ನು ಓದಿದವರಿಗೆ ನೆನಪಿರಬಹುದು: ಬಾಣವನ್ನು ಹೂಡಿ ಬಂದ ದುಷ್ಯಂತನನ್ನು ತಡೆದವನು ಮತ್ತೊಬ್ಬ ರಾಜನಲ್ಲ, ಕೈಯಲ್ಲಿ ಆಯುಧವಿಲ್ಲದ ಒಬ್ಬ ತಾಪಸ. ಜಿಂಕೆಯು ಆಶ್ರಮಕ್ಕೆ ಸೇರಿದುದೆಂಬುದು ಅವನ ವಾದ. ಅವನು ಜಿಂಕೆಯ ಯಜಮಾನನಲ್ಲ, ಅದಕ್ಕೆ ಆಶ್ರಯವಾದ ನೆಲದ ಕಾವಲುಗಾರ. ನಮ್ಮ ಗೃಹಸ್ಥನ ಸ್ಥಾನವೂ ಅದೇ.

ಈ ಕಾವಲಿಗೆ ಹೆಚ್ಚು ನೆಲ ಬೇಕಾಗಿಲ್ಲ. ಲೆಕ್ಕವನ್ನು ನೋಡಿ. ಚೌಕವಾದ ಐದು ಎಕರೆ ಹೊಲದ ಸುತ್ತ ಒಂದು ಮೀಟರು ಅಗಲದ ಅಂಚನ್ನು ಉಳದೆ ಬಿಟ್ಟರೆ ಅದು ಸುಮಾರು ಐದೂವರೆ ಗುಂಟೆಯಾಗುವುದು. ಇನ್ನೂರು ಗುಂಟೆಯಲ್ಲಿ ಐದೂವರೆ! ಹಿಂದಿನ ಕಾಲದ ಒಕ್ಕಲು ರಾಜನಿಗೆ ಬೆಳೆಯ ಆರನೆಯ ಒಂದು ಪಾಲನ್ನು ಕೊಡುತ್ತಿದ್ದನು; ಇಲ್ಲಿ ಕೇಳಿರುವುದು ಮೂವತ್ತಾರರಲ್ಲಿ ಒಂದು ಪಾಲು. ಆ ಅಂಚಿನಲ್ಲಿ ಊರಿನ ಹುಲ್ಲು, ತಂಗಡಿ, ಲಕ್ಕಿ, ಕಾರೆ, ಕವಳಿಗಳು ತಾವೇ ಬರುವುವು. ಮಾಘ ಫಾಲ್ಗುಣಗಳಲ್ಲಿ ಬೆಂಕಿಯಿಡುವ ಚಾಳಿಯನ್ನು ಮಾತ್ರ ಬಿಡತಕ್ಕದ್ದು. ಗೌಜಲಕ್ಕಿ, ಬುರ್ಲಿ ಮುಂತಾದ ನೆಲದ ಹಕ್ಕಿಗಳು ಗೂಡುಮಾಡುವುದು ಇಂಥ ಅಂಚಿನಲ್ಲಿಯೇ. ಹೊಲದ ಹುಳುಗಳನ್ನು ಆರಿಸಿ ತಿಂದು ಅವು ತಮ್ಮ ಬಾಡಿಗೆಯನ್ನು ಸಲ್ಲಿಸುವುವು. ಬೇರು ಹಿಡಿದ ಅಂಚು ಮಳೆಗೆ ಕೊಚ್ಚಿಹೋಗುವುದಿಲ್ಲವೆಂಬುದು ಮತ್ತೊಂದು ಲಾಭ.

ಇನ್ನು ಹುಲ್ಲಿನ ವಿಚಾರ. ಮರವಿಲ್ಲದ ನೆಲವನ್ನು ಕಂಡರೆ ಖರಾಬು ಎನ್ನುವುದೂ, ಪುಣ್ಯಕಾರ್ಯವೆಂದು ಅಲ್ಲಿ ನೀಲಗಿರಿಯನ್ನೋ ಅಕೇಶಿಯವನ್ನೋ ನೆಡುವುದೂ ನಮ್ಮಲ್ಲಿ ರೂಢಿಯಾಯಿತು. ಗಿರಿಯ ಮೇಲೆ ಮರವು ಭೂಷಣವಾದಂತೆ ಬಯಲಿಗೆ ಹುಲ್ಲೇ ಭೂಷಣ. ಕೃಷ್ಣಮೃಗವು ದೂರದವರೆಗೆ ಕಣ್ಣು ಹಾಯಿಸಿ ಶತ್ರುವನ್ನು ಕಂಡು ಓಡಿ ಬದುಕುವ ಪ್ರಾಣಿ. ದಟ್ಟವಾದ ಗಿಡಗಳ ನಡುವೆ ಅದರ ವೇಗವು ವ್ಯರ್ಥ. ತಾಯಿಮೃಗವು ಎಳೆಯ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ಮೇಯಲು ಹೋಗುವುದು. ಒಂಟಿಯಾಗಿ ಮಲಗಿರುವ ಮರಿಯನ್ನು ಕಂಡು ಅನಾಥವೆಂದು ಕರುಣೆಯಿಂದ ಮನೆಗೆ ಎತ್ತಿ ತರುವವರುಂಟು. ಅದು ಕರುಣೆಯಲ್ಲ, ಮರಿಯನ್ನು ತಾಯಿಯಿಂದ ಅಗಲಿಸಿದಂತೆ. ಮಕ್ಕಳಿಗೆ ಇದನ್ನು ತಪ್ಪದೆ ತಿಳಿಸಬೇಕು.

ಮೂರನೆಯದು ನೀರು. ಬೇಸಗೆಯಲ್ಲಿ ಬೆಳೆಯ ನಡುವೆ ನೀರನ್ನಿಟ್ಟರೆ ಹಂದಿಯನ್ನು ಊಟಕ್ಕೆ ಕರೆದಂತಾಗುವುದು. ನೀರು ಇರಬೇಕಾದುದು ಹೊಲದಾಚೆ, ಕಾವಲಿನ ಕಡೆಗೆ. ಊರಿನ ಹಳೆಯ ಗೋಕಟ್ಟೆಯ ಹೂಳನ್ನು ಹತ್ತು ಮನೆಯವರು ಸೇರಿ ತೆಗೆಸಿದರೆ ದನಕ್ಕೂ ಮೃಗಕ್ಕೂ ನೀರಾಗುವುದು, ಹೊಲಗಳ ಮೇಲಿನ ಹಾವಳಿಯೂ ಕಡಿಮೆಯಾಗುವುದು.

ಈ ಮಾತನ್ನು ಹೇಳಿದಾಗ ನನ್ನ ಹಳೆಯ ಶಿಷ್ಯನೊಬ್ಬನು, “ಮೇಷ್ಟ್ರೇ, ಮೃಗಕ್ಕೆ ದಯೆ ತೋರಿಸೆಂದು ಹೇಳುತ್ತೀರಿ. ರಾತ್ರಿಯೊಳಗೆ ಅರ್ಧ ಹೊಲ ಹೋದರೆ ನನ್ನ ಮಕ್ಕಳಿಗೆ ದಯೆ ತೋರಿಸುವವರು ಯಾರು? ಬೇಲಿಗೆ ಲೈನಿನ ಕರೆಂಟು ಕೊಟ್ಟುಬಿಡೋಣವೆಂದಿದ್ದೇನೆ” ಎಂದನು. ಅವನ ಸಂಕಟವು ಸುಳ್ಳಲ್ಲ. ಹಸಿದ ಮನೆಗೆ ಧರ್ಮವನ್ನು ಬೋಧಿಸುವುದು ಸುಲಭವೂ ಅಲ್ಲ. “ಅಪ್ಪಾ, ಆ ತಂತಿಗೆ ಹಂದಿ ಯಾವುದು, ನಿನ್ನ ಮಗ ಯಾವನು ಎಂಬುದು ತಿಳಿಯುವುದಿಲ್ಲ. ಬೆಳಗಿನ ಜಾವ ನೀರು ಕಟ್ಟಲು ಹೋಗುವವನು ನೀನೇ” ಎಂದೆನು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಬೇಲಿಗೆ ನೇರವಾಗಿ ವಿದ್ಯುತ್ತನ್ನು ಹರಿಸಿದ್ದರಿಂದ ಆನೆಗಳೂ ಮನುಷ್ಯರೂ ಸತ್ತ ವರ್ತಮಾನಗಳು ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಬರುತ್ತಿವೆ. ಅದು ಸೆರೆಮನೆಗೆ ದಾರಿ. ಸೌರಶಕ್ತಿಯ ಬೇಲಿಯು ಬೇರೆ ಜಾತಿಯದು: ತಕ್ಕ ಯಂತ್ರದಿಂದ ಕ್ಷಣಕ್ಷಣಕ್ಕೆ ಸಣ್ಣ ಪೆಟ್ಟನ್ನು ಕೊಟ್ಟು ಹೆದರಿಸುವುದೇ ಹೊರತು ಕೊಲ್ಲುವುದಿಲ್ಲ. ಬೆಳೆಯು ಹಾಳಾದಲ್ಲಿ ಅದೇ ದಿನ ಪಟ ತೆಗೆದಿಟ್ಟು, ಪಹಣಿಯೊಡನೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು. ಪರಿಹಾರವನ್ನು ಕೊಡುವ ಕ್ರಮವುಂಟು. ಅದು ನಷ್ಟವನ್ನೆಲ್ಲ ತುಂಬಲಾರದು. ಆದರೂ ಕೇಳದೆ ಬಿಟ್ಟವನಿಗೆ ಅದೂ ಇಲ್ಲ.

ಖಾಸಗಿ ನೆಲದ ಒಡೆಯರು ತಾವಾಗಿ ಮುಂದೆ ಬಂದರೆ ಅವರ ನೆಲವನ್ನೇ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸುವುದಕ್ಕೆ 2002ರ ತಿದ್ದುಪಡಿಯು ಅವಕಾಶ ಮಾಡಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಹೀಗಾಯಿತು. ಅಲ್ಲಿ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುವುದು ಊರಿನವರ ಹಿತ್ತಲ ಹುಣಿಸೆಮರಗಳಲ್ಲಿ. ಫಲದ ನಷ್ಟಕ್ಕೆ ಮರದ ಒಡೆಯರಿಗೆ ಹಣ ಸಲ್ಲುವುದುಂಟು. ಆದರೆ ಆ ಹಣ ಬರುವುದಕ್ಕೆ ಬಹಳ ಹಿಂದಿನಿಂದಲೂ ಹಕ್ಕಿಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ನೋಡಿಕೊಂಡವರು ಆ ಊರಿನವರು.

ಇನ್ನು ಹೊಂಡದ ಮೀನಿಗೆ ಬರೋಣ. ಇಲ್ಲಿ ನ್ಯಾಯವು ಬೇರೆ. ಊರಿನ ಕೆರೆಯ ಮೀನು ಸಾರ್ವಜನಿಕ. ಕಟ್ಟೆಯ ನೀರಿನ ಮೀನಿನ ಮೇಲೆ ರಾಜನಿಗೇ ಸ್ವಾಮ್ಯವೆಂದು ಕೌಟಿಲ್ಯನು ಹೇಳಿದುದು ಇಂದು ಇಲಾಖೆಯ ಮತ್ತು ಪಂಚಾಯಿತಿಯ ಗುತ್ತಿಗೆಯಾಗಿ ಮುಂದುವರಿದಿದೆ. ಆದರೆ ನಾವೇ ತೋಡಿದ ಹೊಂಡಕ್ಕೆ ನಾವೇ ಬಿಟ್ಟ ಮೀನು ನಮ್ಮದು. 2014ರಲ್ಲಿ ಮೊದಲಾದ ಕೃಷಿಭಾಗ್ಯ ಯೋಜನೆಯಿಂದ ಬಯಲುಸೀಮೆಯಲ್ಲಿ ಹೊಂಡಗಳು ಹೆಚ್ಚಿದುವು. 21 ಮೀಟರು ಉದ್ದ, ಅಷ್ಟೇ ಅಗಲ, 3 ಮೀಟರು ಆಳದ ಹೊಂಡವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ನೀರಿನ ಹರವು 441 ಚದರ ಮೀಟರು, ಎಂದರೆ ಒಂದು ಎಕರೆಯ ಒಂಬತ್ತನೆಯ ಒಂದು ಪಾಲು. ಎಕರೆಗೆ 2,000 ಮರಿಗಳೆಂಬುದು ಸಾಮಾನ್ಯ ಪ್ರಮಾಣ. ಆದುದರಿಂದ ಈ ಹೊಂಡಕ್ಕೆ 220 ಸಾಕು. ಆಸೆಯಿಂದ ಐನೂರು ಬಿಟ್ಟವನು ಒಂದನ್ನೂ ಸರಿಯಾಗಿ ಬೆಳೆಸನು.

ಮರಿಗಳಲ್ಲಿ ಕಾಟ್ಲವು ನೀರಿನ ಮೇಲ್ಭಾಗದಲ್ಲಿಯೂ, ರೋಹು ನಡುವೆಯೂ, ಮೃಗಾಲವು ತಳದಲ್ಲಿಯೂ ಮೇಯುವುವು. ರೋಹು ಎಂಬುದು ನಮ್ಮ ಸಂಸ್ಕೃತದ ರೋಹಿತವೇ. ಒಂದೇ ಮನೆಯ ಮೂರು ಅಂತಸ್ತಿನಲ್ಲಿ ಮೂರು ಸಂಸಾರಗಳು ಜಗಳವಿಲ್ಲದೆ ಬಾಳುವಂತೆ ಇವನ್ನು ನಾಲ್ಕು, ಮೂರು, ಮೂರರ ಪ್ರಮಾಣದಲ್ಲಿ ಬಿಡುವುದು ಕ್ರಮ: ಎಂಬತ್ತೆಂಟು ಕಾಟ್ಲ, ಅರವತ್ತಾರು ರೋಹು, ಅರವತ್ತಾರು ಮೃಗಾಲ. ಯಾವ ಮೀನು ಎಲ್ಲಿ ವಾಸಿಸುವುದು, ಯಾವುದಕ್ಕೆ ಏನು ಆಹಾರ ಎಂಬುದನ್ನು ಸೋಮೇಶ್ವರನೂ ಗಾಳವನ್ನು ಹೇಳುವ ಅಧ್ಯಾಯದಲ್ಲಿಯೇ ವಿವರಿಸಿರುವನು. ಹಿಡಿಯಬೇಕೆನ್ನುವವನು ಮೊದಲು ಉಣಿಸುವುದನ್ನು ಕಲಿಯಬೇಕು. ಹತ್ತು ಕಿಲೋ ಸುಣ್ಣವನ್ನು ಮೊದಲು ನೀರಿಗೆ ಹಾಕಿ, ಕೆಲವು ದಿನಗಳಾದಮೇಲೆ ಬೆರಳುದ್ದದ ಮರಿಗಳನ್ನು ತರಬೇಕು. ಚೀಲವನ್ನು ಕಾಲುಗಂಟೆ ಹೊಂಡದ ನೀರಿನಲ್ಲಿ ತೇಲಬಿಟ್ಟು, ಎರಡು ನೀರಿನ ಶಾಖವೂ ಸಮನಾದ ಬಳಿಕ ಬಾಯಿ ಬಿಚ್ಚತಕ್ಕದ್ದು. ಅಕ್ಕಿತೌಡು, ಕಡಲೆಕಾಯಿ ಹಿಂಡಿ ಸಮಭಾಗವಾಗಿ ಕಲಸಿದ ಉಂಡೆಯೇ ಆಹಾರ. ಮುಂಜಾನೆ ಮೀನುಗಳು ಮೇಲೆ ಬಂದು ಬಾಯ್ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರಿನ ಕಷ್ಟ. ಅಂದು ಆಹಾರವನ್ನು ನಿಲ್ಲಿಸಿ ಹೊಸ ನೀರನ್ನು ಬಿಡಬೇಕು.

ಈ ಮೂರು ಮೀನುಗಳೂ ನಿಂತ ನೀರಿನಲ್ಲಿ ತಾವಾಗಿ ಮರಿಮಾಡುವುದಿಲ್ಲ. ಮಳೆಗಾಲದ ಹರಿಯುವ ನದಿಯೇ ಅವುಗಳ ತವರು. ಒಡಿಶಾದ ಅಂಗುಲ್‌ನಲ್ಲಿ 1957ರ ಜುಲೈ 10ರಂದು ಹೀರಾಲಾಲ್ ಚೌಧುರಿಯವರು ಇವಕ್ಕೆ ಚುಚ್ಚುಮದ್ದಿನಿಂದ ಮೊಟ್ಟೆಯಿಡಿಸುವ ಉಪಾಯವನ್ನು ಸಾಧಿಸಿದ್ದರಿಂದಲೇ ಇಂದು ಮರಿಗಳು ನಮಗೆ ಸುಲಭವಾಗಿ ದೊರೆಯುತ್ತಿವೆ. ನಮಗೆ ಸಮೀಪದ ಭದ್ರಾ ಪ್ರಾಜೆಕ್ಟಿನ ಬಳಿಯೂ ಸರ್ಕಾರದ ಮೀನುಮರಿ ಕೇಂದ್ರವುಂಟು. ಆದರೆ ನಮ್ಮ ಕೆರೆಹಳ್ಳಗಳ ಊರಮೀನುಗಳಿಗೆ ಯಾರೂ ಚುಚ್ಚುಮದ್ದು ಕೊಡುವುದಿಲ್ಲ. ಮುಂಗಾರಿನ ಮೊದಲ ನೀರಿಗೆ ಅವು ಮೊಟ್ಟೆಯಿಡಲು ಹಳ್ಳವನ್ನೇರಿ ಬರುವುವು. ಮಲೆನಾಡಿನವರು ಇವನ್ನೇ ಹತ್ತುಮೀನು ಎನ್ನುವರು. ಆ ನಾಲ್ಕು ದಿನ ಕೂಣಿಯೊಡ್ಡಿ ಬಸುರಿ ಮೀನುಗಳನ್ನು ಬಾಚುವುದು ಬಿತ್ತನೆಯ ರಾಗಿಯನ್ನು ಬೀಸಿ ಉಂಡಂತೆ. ಅಶೋಕನೂ ತನ್ನ ಸ್ತಂಭಶಾಸನದಲ್ಲಿ ಗೊತ್ತಾದ ದಿನಗಳಲ್ಲಿ ಮೀನನ್ನು ಕೊಲ್ಲಕೂಡದೆಂದು ವಿಧಿಸಿದ್ದನು. ಹಾಗೆಯೇ ಆಫ್ರಿಕಾದ ಕ್ಯಾಟ್‌ಫಿಷ್ ಎಂಬ ನಿಷಿದ್ಧ ಮೀನನ್ನು ಬೇಗ ಬೆಳೆಯುವುದೆಂಬ ಆಸೆಗೆ ಯಾರೂ ಸಾಕಬಾರದು. ಹೊಂಡವು ಒಡೆದ ದಿನ ಅದು ಹಳ್ಳಕ್ಕೆ, ಹಳ್ಳದಿಂದ ವೇದಾವತಿಗೆ ಸೇರಿ ಊರಮೀನುಗಳನ್ನೆಲ್ಲ ನುಂಗುವುದು.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ಪ್ಲಾಸ್ಟಿಕ್ ಹಾಳೆಯನ್ನು ಹಾಸಿದ ಹೊಂಡದ ಇಳಿಜಾರು ಪಾಚಿಕಟ್ಟಿದ ಕಲ್ಲಿಗಿಂತಲೂ ಜಾರು. ಬಿದ್ದ ಮಗುವಿಗೆ ಹಿಡಿಯಲು ಏನೂ ಇಲ್ಲ. ಎತ್ತಲು ಇಳಿದವರೂ ಮೇಲೆ ಬಾರದ ದುಃಖಗಳು ನಡೆದಿವೆ. ಮೀನಿನ ಮರಿಗೆ ಹಣ ಕೊಡುವ ಮೊದಲು ಸುತ್ತಲೂ ಬೇಲಿ, ಅದಕ್ಕೊಂದು ಬೀಗ, ನಾಲ್ಕು ಕಡೆಯೂ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟ ಗಂಟುಹಗ್ಗ, ತೇಲುವ ಒಂದೆರಡು ಹಳೆಯ ಟ್ಯೂಬು ಇವಿಷ್ಟೂ ಆಗಲೇಬೇಕು. ಹಗ್ಗವು ಮನುಷ್ಯರಿಗಾಯಿತು; ನೀರು ಕುಡಿಯಲು ಬಂದು ಬಿದ್ದ ಮೃಗವು ಹತ್ತಿಬರಲು ಒಂದು ಮೂಲೆಯಲ್ಲಿ ಮರಳಿನ ಚೀಲಗಳ ಮೆಟ್ಟಿಲನ್ನೂ ಮಾಡಿಡಿ.

ಹೊಲದಲ್ಲಿ ಒಂದು ಮೀಟರು ಅಂಚು, ಹೊಂಡದಲ್ಲಿ ಐದಡಿ ನೀರು: ಇವೆರಡನ್ನು ಎಂಥ ಬರದ ವರ್ಷದಲ್ಲಿಯೂ ಮುಟ್ಟೆನೆಂದು ಮನೆಯ ಯಜಮಾನನೂ ಯಜಮಾನಿಯೂ ನಿಶ್ಚಯಿಸಿಕೊಂಡರೆ ಸಾಕು. ಇದು ಮೂಲಧನ. ಬಡ್ಡಿಯನ್ನು ಉಣ್ಣುವವನ ಮನೆಯಲ್ಲಿ ಮೊಮ್ಮಕ್ಕಳಿಗೂ ಉಂಟು. ಮೂಲವನ್ನು ಉಣ್ಣುವವನಿಗೆ ಮುಂದಿನ ಯುಗಾದಿಯೇ ದೂರ.