‘ಸಿಕ್ಕಿತು’ ಅನ್ನಬೇಡಿ, ಯಾರೋ ಇಟ್ಟಿದ್ದರು ಅನ್ನಿ

ಕಳೆದೇ ಹೋಗಿದೆ ಅಂದುಕೊಂಡಿದ್ದ ಹಳೇ ಕಂಪ್ಯೂಟರ್ ಗೇಮ್ ಮತ್ತೆ ಸಿಕ್ಕಿತು ಅಂತ ಆಗಾಗ ಸುದ್ದಿ ಬರುತ್ತದೆ. ಅದರಲ್ಲಿ ‘ಅದೃಷ್ಟ’, ‘ಪವಾಡ’ ಎಂಬ ಪದಗಳು ಇದ್ದೇ ಇರುತ್ತವೆ. ಸುದ್ದಿ ಬರೆದೇ ಹೊಟ್ಟೆ ಹೊರೆಯುವ ನನಗೆ ಈ ಪದಗಳ ಮೇಲೆಯೇ ತಕರಾರು. ಗೇಮ್ ನೆಲದಲ್ಲಿ ಹೂತಿಟ್ಟ ನಿಧಿಯಲ್ಲ. ಯಾರಾದರೂ ಅದರ ಪ್ರತಿ ಇಟ್ಟಿದ್ದರೆ ಸಿಗುತ್ತದೆ, ಇಡದಿದ್ದರೆ ಇಲ್ಲ. ಹಾಗೆ ಪ್ರತಿ ಇಡುವುದನ್ನೇ ಇವತ್ತು ಕಳ್ಳತನದ ಹಾಗೆ ನೋಡುತ್ತಿದ್ದಾರೆ. ನನ್ನ ಜಗಳ ಅದರ ಜೊತೆ.

ಒಂದು ನಿಜವಾದ ಕಥೆ ಹೇಳುತ್ತೇನೆ. ಅಮೆರಿಕದಲ್ಲಿ ವಿಲ್ ಕ್ರೌದರ್ ಅಂತ ಒಬ್ಬ ಪ್ರೋಗ್ರಾಮರ್. ಇಂದಿನ ಇಂಟರ್ನೆಟ್‌ಗೆ ತಾಯಿಬೇರಾದ ಅರ್ಪಾನೆಟ್ ಕಟ್ಟಿದ ತಂಡದಲ್ಲಿ ಇದ್ದವನು. ಗುಹೆ ಸುತ್ತುವ ಹುಚ್ಚು ಅವನಿಗೂ ಇತ್ತು, ಹೆಂಡತಿ ಪ್ಯಾಟ್‌ಗೂ ಇತ್ತು. ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಗೂ ಫ್ಲಿಂಟ್ ರಿಡ್ಜ್ ಗುಹೆಗಳಿಗೂ ಒಳದಾರಿ ಇದೆ ಅಂತ 1972ರಲ್ಲಿ ಕಂಡುಹಿಡಿದ ತಂಡದಲ್ಲಿ ಪ್ಯಾಟ್ ಇದ್ದಳು. ಅದು ಜಗತ್ತಿನ ಅತಿ ಉದ್ದದ ಗುಹೆ. ಮುಂದೆ ಗಂಡ ಹೆಂಡತಿ ಬೇರೆಯಾದರು. ಇಬ್ಬರು ಪುಟ್ಟ ಹೆಣ್ಣುಮಕ್ಕಳ ಜೊತೆ ಆಡಲಿಕ್ಕೆ ಅಂತ ಕ್ರೌದರ್ 1975–76ರ ಹೊತ್ತಿಗೆ ತಾನು ಕಂಡ ಗುಹೆಯನ್ನೇ ಕಂಪ್ಯೂಟರಿಗೆ ತಂದ. ಆಟದ ಹೆಸರು ‘ಅಡ್ವೆಂಚರ್’.

ಅದರಲ್ಲಿ ಚಿತ್ರ ಇಲ್ಲ, ಸದ್ದಿಲ್ಲ. ನೀವು ಎಲ್ಲಿ ನಿಂತಿದ್ದೀರಿ, ಮುಂದೆ ಏನಿದೆ ಅಂತ ಕಂಪ್ಯೂಟರ್ ಬರೆದು ತೋರಿಸುತ್ತದೆ. ‘ಪಶ್ಚಿಮಕ್ಕೆ ಹೋಗು’, ‘ದೀಪ ತಗೋ’ ಅನ್ನುವಂಥ ಒಂದೆರಡು ಪದವನ್ನು ನೀವು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಫೋರ್ಟ್ರಾನ್ ಭಾಷೆಯಲ್ಲಿ ಸುಮಾರು 700 ಸಾಲಿನ ಪ್ರೋಗ್ರಾಮ್, ಅಷ್ಟೇ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡಾನ್ ವುಡ್ಸ್ ಕಣ್ಣಿಗೆ ಈ ಆಟ ಬಿತ್ತು. ಬೆಳೆಸಬೇಕು ಅನ್ನಿಸಿತು. ಬರೆದವನ ವಿಳಾಸ ಗೊತ್ತಿಲ್ಲ. ನೆಟ್‌ವರ್ಕಿನಲ್ಲಿದ್ದ ಒಂದೊಂದು ಕಂಪ್ಯೂಟರಿಗೂ ‘ಕ್ರೌದರ್’ ಹೆಸರಿಗೆ ಮೇಲ್ ಕಳಿಸಿದ. ಕ್ರೌದರ್ ಸಿಕ್ಕಿದ, ಮೂಲ ಪ್ರೋಗ್ರಾಮನ್ನೇ ಕೊಟ್ಟುಬಿಟ್ಟ. 1977ರಲ್ಲಿ ವುಡ್ಸ್ ಬೆಳೆಸಿದ ಆಟ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಬ್ಬಿತು. ‘ಜೋರ್ಕ್’ ಮಾಡಿದವರು ಇದನ್ನು ಆಡಿದವರು. ಸಿಯೆರಾ ಕಂಪನಿ ಕಟ್ಟಿದ ಕೆನ್ ಮತ್ತು ರೋಬರ್ಟಾ ವಿಲಿಯಮ್ಸ್ ದಂಪತಿಯೂ ಇದನ್ನು ಆಡಿದವರೇ. ಇಂಥ ಆಟಗಳಿಗೆಲ್ಲ ಇವತ್ತಿಗೂ ‘ಅಡ್ವೆಂಚರ್ ಗೇಮ್’ ಅನ್ನುತ್ತಾರೆ, ಹೆಸರು ಬಂದದ್ದು ಇಲ್ಲಿಂದ.

ಆದರೆ ಕ್ರೌದರ್ ಬರೆದ ಮೊದಲ ರೂಪ? ಅದು ಹೋಯಿತು ಅಂತಲೇ ಸುಮಾರು 30 ವರ್ಷ ಎಲ್ಲರೂ ನಂಬಿದ್ದರು. ಕಾಣದ ವಸ್ತುವಿನ ಬಗ್ಗೆ ಬಾಯಿಗೆ ಬಂದದ್ದು ಹೇಳಬಹುದಲ್ಲ? ಕ್ರೌದರ್ ಬರೀ ಗುಹೆಯ ಒಣ ನಕಲು ಮಾಡಿದ್ದ, ಮಾಯ ಮಂತ್ರ ತಮಾಷೆಯೆಲ್ಲ ವುಡ್ಸ್ ಸೇರಿಸಿದ್ದು ಎಂಬ ಮಾತು ಗಟ್ಟಿಯಾಯಿತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಬರೆದರು. ಹೀಗಾಗುವುದು ನಮ್ಮ ಪತ್ರಿಕೆಗಳಲ್ಲಿ ಮಾತ್ರ ಅಲ್ಲ.

ಇಂಗ್ಲಿಷ್ ಅಧ್ಯಾಪಕ ಡೆನ್ನಿಸ್ ಜೆರ್ಜ್ ಇದರ ಬೆನ್ನು ಹತ್ತಿದರು. ಸ್ಟ್ಯಾನ್‌ಫರ್ಡಿನಲ್ಲಿ ವುಡ್ಸ್‌ಗಿದ್ದ ಹಳೇ ವಿದ್ಯಾರ್ಥಿ ಖಾತೆಯ ಬ್ಯಾಕಪ್ ತೆಗೆಸಿದಾಗ ಅದರೊಳಗೆ ಕ್ರೌದರ್‌ನ ಮೂಲ ಫೈಲುಗಳು ಹಾಗೇ ಕುಳಿತಿದ್ದವು. ತೆರೆದರೆ, ಕೊಡಲಿ ಎಸೆಯುವ ಕುಳ್ಳ ಅದರಲ್ಲೇ ಇದ್ದಾನೆ! ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿಸುವ ಮಂತ್ರದ ಪದವೂ ಇದೆ. 2005ರಲ್ಲಿ ಜೆರ್ಜ್ ಕೆಂಟಕಿಯ ಆ ಗುಹೆಗೂ ಇಳಿದು ನೋಡಿದರು. ಆಟದಲ್ಲಿ ಬರುವ ಕಬ್ಬಿಣದ ಸರಳಿಗೂ ಕೊಡಲಿಗೂ ಹೊಂದುವ ವಸ್ತುಗಳು ಅಲ್ಲಿದ್ದವು. 2007ರಲ್ಲಿ ಎಲ್ಲವನ್ನೂ ಬರೆದು ಪ್ರಕಟಿಸಿದರು. ಮಾಂತ್ರಿಕ ಗುಹೆಯ ಕಲ್ಪನೆ ಕ್ರೌದರ್‌ನದು. ಅಂಕ ಎಣಿಸುವ ವ್ಯವಸ್ಥೆ, ಇನ್ನಷ್ಟು ಜಾಗಗಳು ವುಡ್ಸ್‌ನವು. ಯಾರದು ಯಾರಿಗೋ ಅದು ಅವರಿಗೆ ಸಂದಿತು.

ಈಗ ಹೇಳಿ, ಇದರಲ್ಲಿ ಪವಾಡ ಎಲ್ಲಿದೆ? ಕೇಳಿದವನಿಗೆ ಕ್ರೌದರ್ ಇಲ್ಲ ಅನ್ನಲಿಲ್ಲ. ಕೊಟ್ಟದ್ದನ್ನು ವುಡ್ಸ್ ಅಳಿಸಲಿಲ್ಲ. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ತಮ್ಮ ಪಾಡಿಗೆ ಬ್ಯಾಕಪ್ ತೆಗೆದರು. ಅಷ್ಟು ವರ್ಷ ಅದನ್ನು ಯಾರೂ ಕಸಕ್ಕೆ ಹಾಕಲಿಲ್ಲ. ನಾಲ್ಕು ಕಡೆ ನಾಲ್ಕು ಸಾಧಾರಣ ಕೆಲಸ ಸರಿಯಾಗಿ ಆಯಿತು. ಅದೃಷ್ಟ ಅಂದರೆ ಇವರ ಕೆಲಸಕ್ಕೆ ಅವಮಾನ.

ಈಗಿನ ಕಥೆ ನೋಡಿ. ಅಮೆರಿಕದಲ್ಲಿ ಬಿಡುಗಡೆಯಾದ ಹಳೇ ಗೇಮುಗಳಲ್ಲಿ ಶೇ. 87ರಷ್ಟು ಇವತ್ತು ಮಾರುಕಟ್ಟೆಯಲ್ಲೇ ಇಲ್ಲ ಅಂತ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಕಂಪನಿ ಹಾಕಿದ ಡಿಜಿಟಲ್ ಬೀಗ ಒಡೆಯುವುದು ಅಲ್ಲಿ 1998ರ ಕಾಯ್ದೆ ಪ್ರಕಾರ ತಪ್ಪು. ಗ್ರಂಥಾಲಯಗಳಿಗೆ ಒಂದಿಷ್ಟು ವಿನಾಯಿತಿ ಇದೆ, ಆದರೆ ಗೇಮನ್ನು ಕಟ್ಟಡದ ಒಳಗೇ ಕೂತು ನೋಡಬೇಕು. ಸಂಶೋಧಕರು ದೂರದಿಂದಲೂ ನೋಡುವಂತಾಗಲಿ ಅಂತ ಕೇಳಿದ್ದಕ್ಕೆ 2024ರ ಅಕ್ಟೋಬರಿನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಆಗುವುದಿಲ್ಲ ಅಂದಿತು. ಗೇಮ್ ಕಂಪನಿಗಳ ಸಂಘ ವಿರೋಧಿಸಿತ್ತು. ಅವರ ಭಯ ಏನು ಗೊತ್ತೇ? ಜನ ಅದನ್ನು ಮಜಾಕ್ಕೆ ಆಡಿಬಿಟ್ಟಾರು ಅಂತ! ಕಾದಂಬರಿಯನ್ನು ಯಾರಾದರೂ ಖುಷಿಗೆ ಓದಿಬಿಟ್ಟಾರು ಅಂತ ಗ್ರಂಥಾಲಯಕ್ಕೆ ಬೀಗ ಹಾಕುತ್ತೇವೆಯೇ?

ನಮ್ಮ ದೇಶದ ಕಾಯ್ದೆಯೂ ಪೂರ್ತಿ ಕಣ್ಣು ತೆರೆದಿಲ್ಲ. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಒಂದು ಅಂಶ ಸೇರಿಸಿದರು. ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಒಳ್ಳೆಯದೇ. ಆದರೆ ಷರತ್ತು ಓದಿ: ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದಲ್ಲಿ ಮೊದಲೇ ಇರಬೇಕು. ಪುಸ್ತಕಕ್ಕೆ ಸರಿ. ಹುಟ್ಟಿದ್ದೇ ಕಂಪ್ಯೂಟರಿನಲ್ಲಾದರೆ? ಗೇಮಿಗೆ ಕಾಗದದ ಪ್ರತಿ ಎಲ್ಲಿಂದ ತರುವುದು?

ಕಷ್ಟಪಟ್ಟು ಮಾಡಿದವರು ದುಡಿದುಕೊಳ್ಳುವುದು ಬೇಡವೇ ಅಂತ ಕೇಳುತ್ತೀರಿ. ಬೇಕು. ಮಾರುತ್ತಿರುವ ಗೇಮಿಗೆ ಬೀಗ ಇರಲಿ, ದುಡ್ಡು ಕೊಟ್ಟೇ ಆಡೋಣ. ನಾನು ಹೇಳುತ್ತಿರುವುದು ಮಾರದೆ, ಕೊಡದೆ, ಯಾರೂ ಇಟ್ಟುಕೊಳ್ಳಲಿಕ್ಕೂ ಬಿಡದೆ ಕೊಳೆಸುವವರ ಬಗ್ಗೆ. ತಾನೂ ತಿನ್ನ, ಪರರಿಗೂ ಕೊಡ ಅನ್ನುವುದು ಇದಕ್ಕೇ. ಎಲ್ಲ ಗೇಮೂ ಉಳಿಸುವಷ್ಟು ದೊಡ್ಡದೇ ಅಂತಲೂ ಕೇಳುತ್ತಾರೆ. ಅಪ್ಪ ಮಕ್ಕಳಿಗೆ ಅಂತ ಬರೆದ 700 ಸಾಲನ್ನು 1976ರಲ್ಲಿ ಯಾರು ದೊಡ್ಡದು ಅಂದಿದ್ದರು? ಬೆಲೆ ಗೊತ್ತಾಗುವುದು ಆಮೇಲೆ. ಉಳಿಸಬೇಕಾದದ್ದು ಮೊದಲು.

ಹಾಗಾಗಿ ಬೇಡಿಕೆ ಎರಡೇ. ಮಾರಾಟ ನಿಲ್ಲಿಸಿದ ಗೇಮಿನ ಒಂದು ಪ್ರತಿಯನ್ನು ಬೀಗ ತೆಗೆದು ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡುವುದು ಕಂಪನಿಗಳಿಗೆ ಕಡ್ಡಾಯವಾಗಲಿ. ನಮ್ಮ ಕಾಯ್ದೆಯಿಂದ ‘ಡಿಜಿಟಲ್ ಅಲ್ಲದ ಪ್ರತಿ’ ಎಂಬ ಷರತ್ತು ಹೋಗಲಿ. ಇಲ್ಲದಿದ್ದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಮುಂದಿನ ಸಲ ‘ಕಳೆದುಹೋದ ಗೇಮ್ ಸಿಕ್ಕಿತು’ ಅಂತ ನಿಮ್ಮ ಫೋನಿಗೆ ಸುದ್ದಿ ಬಂದರೆ ಎರಡು ಪ್ರಶ್ನೆ ಕೇಳಿ. ಇಷ್ಟು ದಿನ ಅದನ್ನು ಇಟ್ಟುಕೊಂಡಿದ್ದವರು ಯಾರು? ಇವತ್ತಿನ ಕಾನೂನಿನಲ್ಲಿ ಅವರು ಹಾಗೆ ಇಟ್ಟುಕೊಳ್ಳಲಿಕ್ಕೆ ಆಗುತ್ತಿತ್ತೇ?