ಸೀಯಾಳ ಕೊಡುವ ಮೊದಲು ರಿಪೋರ್ಟು ನೋಡಿ

ಕಾಸರಗೋಡು, ಮಂಜೇಶ್ವರ ಕಡೆ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವ ಪದ್ಧತಿ ಇಲ್ಲ. ಎರಡು ಸೀಯಾಳ, ನಾಲ್ಕು ಬಾಳೆಹಣ್ಣು, ಸ್ವಲ್ಪ ಅನುಕೂಲ ಇದ್ದವರಾದರೆ ಮೂಸಂಬಿ. ಜ್ವರ ಬಂದು ಸೊರಗಿದವರಿಗೆ, ವಾಂತಿಭೇದಿಯಿಂದ ಸುಸ್ತಾದವರಿಗೆ ಇದೆಲ್ಲ ಒಳ್ಳೆಯದೇ. ಆದರೆ ಕಿಡ್ನಿಯ ಕೆಲಸ ಕುಂದುತ್ತಾ ಬಂದವರಿಗೆ, ಅದರಲ್ಲೂ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರಿಗೆ, ಪ್ರೀತಿಯಿಂದ ತಂದ ಅದೇ ಸೀಯಾಳ ಪ್ರಾಣಕ್ಕೆ ಸಂಚಕಾರ ತರಬಲ್ಲದು. ಈ ಮಾತು ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಅಡುಗೆಮನೆಗೆ ಮಾತ್ರ ಇನ್ನೂ ಸರಿಯಾಗಿ ತಲುಪಿಲ್ಲ.

ತಲುಪದಿರಲು ಮೊದಲ ಕಾರಣ, ಹೆಸರಿನ ಗೊಂದಲ. ನಮ್ಮ ಊರುಗಳಲ್ಲಿ ಮೂತ್ರದ ಕಲ್ಲಿಗೂ ‘ಕಿಡ್ನಿ ಪ್ರಾಬ್ಲೆಂ’, ಕಿಡ್ನಿ ಸೋತುಹೋದದ್ದಕ್ಕೂ ‘ಕಿಡ್ನಿ ಪ್ರಾಬ್ಲೆಂ’. ಎರಡೂ ಒಂದೇ ಅಂಗದ ಕಾಯಿಲೆ ಹೌದು, ಪಥ್ಯ ಮಾತ್ರ ತದ್ವಿರುದ್ಧ. ಕಲ್ಲಿನ ತೊಂದರೆ ಇದ್ದವರಿಗೆ ನೀರು ಜಾಸ್ತಿ ಕುಡಿಯಿರಿ ಎಂದು ಡಾಕ್ಟರೇ ಹೇಳುತ್ತಾರೆ. ಅವರ ಕಿಡ್ನಿ ಸರಿಯಾಗಿದ್ದರೆ ಸೀಯಾಳಕ್ಕೂ ಅಡ್ಡಿಯಿಲ್ಲ. ಬಾಳೆದಿಂಡಿನ ರಸ ಕುಡಿದು ಕಲ್ಲು ಹೋಯಿತು ಎಂದು ಹೇಳುವವರು ಪ್ರತಿ ಊರಿನಲ್ಲೂ ಒಬ್ಬರಾದರೂ ಸಿಗುತ್ತಾರೆ. ಈ ಅನುಭವವನ್ನು ಅವರು ಕಿಡ್ನಿ ಫೈಲ್ಯೂರ್ ಆದವರ ಮನೆಗೂ ಕೊಂಡೊಯ್ಯುತ್ತಾರೆ. ‘ದಿನಾ ಒಂದು ಬೊಂಡ ಕುಡಿಯಿರಿ, ಮೂತ್ರ ಧಾರಾಳ ಹೋಗ್ತದೆ’ ಎನ್ನುತ್ತಾರೆ. ಮೂತ್ರ ಹೊರಡಿಸುವ ಶಕ್ತಿಯೇ ಇಲ್ಲದ ಕಿಡ್ನಿಗೆ ನೀರು ಸುರಿದರೆ ಅದು ಕಾಲಿಗೆ, ಹೊಟ್ಟೆಗೆ, ಕೊನೆಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಸೀಯಾಳವಾದರೆ ನೀರಿನ ಜೊತೆಗೆ ಇನ್ನೊಂದು ಅಪಾಯವೂ ಇದೆ. ಅದೇ ಪೊಟ್ಯಾಶಿಯಂ.

ಪೊಟ್ಯಾಶಿಯಂ ವಿಷವಲ್ಲ, ಹೃದಯ ಬಡಿಯಲು ಅದು ಬೇಕೇ ಬೇಕು. ರಕ್ತದಲ್ಲಿ ಸಾಮಾನ್ಯವಾಗಿ 3.5ರಿಂದ 5ರ ಒಳಗೆ ಇರಬೇಕಾದ ಲವಣ ಅದು. ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುವುದು ಕಿಡ್ನಿಯ ಕೆಲಸ. ಕಿಡ್ನಿ ಸೋತಾಗ ಅದು ರಕ್ತದಲ್ಲೇ ಉಳಿಯುತ್ತದೆ. 6 ದಾಟಿತೆಂದರೆ ಕೂಡಲೇ ಆಸ್ಪತ್ರೆ ನೋಡಬೇಕಾದ ವಿಷಯ. ಕೆಲವರಿಗೆ ಕೈಕಾಲು ಸೋತುಬರುತ್ತದೆ, ಕೆಲವರಿಗೆ ಯಾವ ಸೂಚನೆಯೂ ಇರುವುದಿಲ್ಲ, ಹೃದಯದ ಬಡಿತ ತಪ್ಪಿ ನಿಂತೇಬಿಡುವುದುಂಟು. ಪೊಟ್ಯಾಶಿಯಂ ಕಡಿಮೆ ಮಾಡಿ ಎಂದು ಹೇಳಿಸಿಕೊಂಡವರಿಗೆ ದಿನಕ್ಕೆ ಹೆಚ್ಚೆಂದರೆ ಸುಮಾರು 2000 ಮಿಲಿಗ್ರಾಂ ಎಂಬ ಲೆಕ್ಕ ರೂಢಿಯಲ್ಲಿದೆ. ಒಂದು ದೊಡ್ಡ ಸೀಯಾಳದ ನೀರಿನಲ್ಲೇ 600-700 ಮಿಲಿಗ್ರಾಂ ಇರುತ್ತದೆ. ಸಾಧಾರಣ ಗಾತ್ರದ ಒಂದು ಬಾಳೆಹಣ್ಣಿನಲ್ಲಿ 400. ನೂರು ಗ್ರಾಂ ಹಲಸಿನ ಸೊಳೆಯಲ್ಲಿ ಸುಮಾರು 450, ಮತ್ತು ಹಲಸಿನ ಕಾಲದಲ್ಲಿ ನೂರು ಗ್ರಾಮಿಗೆ ನಿಲ್ಲಿಸಿದವರನ್ನು ಈ ಸೀಮೆಯಲ್ಲಿ ಕಂಡವರಿಲ್ಲ. ಬೆಳಿಗ್ಗೆ ಒಂದು ಸೀಯಾಳ, ಮಧ್ಯಾಹ್ನ ಊಟದ ಮೇಲೆ ಬಾಳೆಹಣ್ಣು, ಸಂಜೆ ಎಂಟು ಹತ್ತು ಸೊಳೆ ಎಂದರೆ ಅನ್ನ, ಪಲ್ಯ, ಸಾಂಬಾರು ಸೇರಿಸುವ ಮೊದಲೇ ದಿನದ ಪಾಲು ಬಹುತೇಕ ಮುಗಿದಂತೆ. ಕೆಲವು ಬಿ.ಪಿ. ಮಾತ್ರೆಗಳೂ ಪೊಟ್ಯಾಶಿಯಂ ಏರಿಸುತ್ತವೆ ಎಂಬುದು ಈ ಲೆಕ್ಕದ ಹೊರಗಿನ ಮಾತು.

ಹಿತ್ತಲಿನ ಇನ್ನೆರಡು ಮರಗಳ ಬಗ್ಗೆ ಇದಕ್ಕಿಂತಲೂ ಗಟ್ಟಿಯಾಗಿ ಹೇಳಬೇಕು. ಒಂದು ದಾರೆಹುಳಿ, ಕೊಯ್ದರೆ ನಕ್ಷತ್ರದ ಹಾಗೆ ಕಾಣುವ ಹಣ್ಣು. ಇದರಲ್ಲಿ ಮಿದುಳಿಗೆ ನಾಟುವ ಒಂದು ವಿಷವಸ್ತು ಇದೆ. ಬ್ರೆಜಿಲಿನ ಸಂಶೋಧಕರು 2013ರಲ್ಲಿ ಅದನ್ನು ಗುರುತಿಸಿ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟರು. ಆರೋಗ್ಯವಂತರ ಕಿಡ್ನಿ ಅದನ್ನು ಸೋಸಿ ಹೊರಹಾಕುತ್ತದೆ. ಕಿಡ್ನಿ ಕೆಟ್ಟವರಲ್ಲಿ ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ವಾಂತಿ, ಗೊಂದಲ, ಅಪಸ್ಮಾರದಂತಹ ಸೆಳೆತ, ಸತ್ತವರೂ ಇದ್ದಾರೆ. ಇಲ್ಲಿ ‘ಸ್ವಲ್ಪ ತಿನ್ನಬಹುದು’ ಎಂಬ ಮಾತೇ ಇಲ್ಲ. ಉಪ್ಪಿನಕಾಯಿಗೆ ಹಾಕಿದರೂ ಬೇಡ, ಜ್ಯೂಸ್ ಮಾಡಿದರೂ ಬೇಡ.

ಇನ್ನೊಂದು ಬಿಂಬುಳಿ. ಮಲಯಾಳದಲ್ಲಿ ಇರುಂಬನ್ ಪುಳಿ. ಕೊಲೆಸ್ಟ್ರಾಲ್ ಇಳಿಸುತ್ತದೆ ಎಂಬ ನಂಬಿಕೆಯಿಂದ ಇದರ ರಸ ಹಿಂಡಿ ಕುಡಿಯುವುದು ಕೇರಳದಲ್ಲಿ ಹಬ್ಬಿತ್ತು. ಹೀಗೆ ಕುಡಿದು ಇದ್ದಕ್ಕಿದ್ದಂತೆ ಕಿಡ್ನಿ ಕೆಟ್ಟ ಹತ್ತು ಮಂದಿಯ ವಿವರವನ್ನು ರಾಜ್ಯದ ಐದು ಆಸ್ಪತ್ರೆಗಳ ವೈದ್ಯರು 2013ರಲ್ಲಿ ಕಿಡ್ನಿ ತಜ್ಞರ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರಲ್ಲಿ ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಕಾರಣ, ಆ ಹುಳಿಯಲ್ಲಿ ತುಂಬಿರುವ ಆಕ್ಸಲೇಟ್ ಕಿಡ್ನಿಯೊಳಗೆ ಹರಳುಗಟ್ಟಿದ್ದು. ಮೀನಿನ ಸಾರಿಗೆ ಎರಡು ಬಿಂಬುಳಿ ಹಾಕುವುದು ಬೇರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಲೋಟ ತುಂಬ ರಸ ಕುಡಿಯುವುದು ಬೇರೆ. ಆದರೆ ಕಿಡ್ನಿ ಈಗಾಗಲೇ ಸೋತವರು ಆ ಎರಡನ್ನೂ ಬಿಡುವುದು ಲೇಸು. ‘ನಾಟಿ ಮದ್ದು, ಸೈಡ್ ಎಫೆಕ್ಟ್ ಇಲ್ಲ’ ಎನ್ನುವವರು ಈ ಹತ್ತು ಮಂದಿಯ ಕತೆ ಒಮ್ಮೆ ಕೇಳಬೇಕು.

ಉಪ್ಪಿನ ವಿಷಯಕ್ಕೆ ಬಂದರೆ ಕರಾವಳಿಯ ಊಟದ ಮರ್ಯಾದೆಯೇ ಪ್ರಶ್ನೆಗೆ ಬರುತ್ತದೆ. ಕುಚ್ಚಲಕ್ಕಿ ಗಂಜಿ, ನಂಚಿಕೊಳ್ಳಲು ಮಾವಿನ ಮಿಡಿ, ಸುಟ್ಟ ಒಣಮೀನು, ಮಳೆಗಾಲಕ್ಕೆಂದು ಭರಣಿಯಲ್ಲಿ ಹಾಕಿಟ್ಟ ಉಪ್ಪುಸೊಳೆ, ಹಪ್ಪಳ, ಮಜ್ಜಿಗೆ ಮೆಣಸು. ಸಾಮಾನ್ಯರಿಗೇ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚ, ಅದಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭರಣಿಯ ಸಾಮಾನಿಗೆ ಕೈ ಹಾಕಿದರೆ ಆ ಚಮಚ ಒಂದೇ ಹೊತ್ತಿಗೆ ಖಾಲಿ. ಉಪ್ಪು ಬಿ.ಪಿ. ಏರಿಸುವುದು ಒಂದು, ಬಾಯಾರಿಕೆ ಹುಟ್ಟಿಸುವುದು ಇನ್ನೊಂದು. ನೀರು ಅಳೆದು ಕುಡಿಯಬೇಕಾದ ಡಯಾಲಿಸಿಸ್ ರೋಗಿಗೆ ಈ ಬಾಯಾರಿಕೆಯೇ ದೊಡ್ಡ ಶಿಕ್ಷೆ. ಹಿಂದಿನ ದಿನ ಹೋದ ಮೂತ್ರದಷ್ಟು, ಅದರ ಮೇಲೆ ಅರ್ಧ ಲೀಟರ್ ಎಂಬುದು ಅಂಥವರಿಗೆ ಹೇಳುವ ಒಂದು ಅಂದಾಜು. ಅದರಲ್ಲಿ ಗಂಜಿಯ ತಿಳಿ, ಚಾ, ಮಜ್ಜಿಗೆ, ಸಾರು ಎಲ್ಲವೂ ಸೇರಿತು. ‘ನೀರು ಕುಡಿಯಲೇ ಇಲ್ಲ, ಬರೀ ಗಂಜಿ ಉಂಡದ್ದು’ ಎನ್ನುವ ಅಜ್ಜನ ಕಾಲು ಊದಿರುವುದು ಯಾಕೆಂದು ಮನೆಯವರಿಗೆ ಹೊಳೆಯುವುದೇ ಇಲ್ಲ. ಅಂಥವರಿಗೆ ಗಂಜಿ ಬಸಿದು ಅನ್ನವನ್ನಷ್ಟೇ ಬಡಿಸುವುದು ಸುಲಭದ ದಾರಿ.

ಅಂಗಡಿಯಲ್ಲಿ ಈಗ ‘ಲೋ ಸೋಡಿಯಂ’ ಉಪ್ಪು ಎಂಬ ಪ್ಯಾಕೆಟ್ ಸಿಗುತ್ತದೆ. ಬಿ.ಪಿ.ಗೆ ಒಳ್ಳೆಯದೆಂದು ಮಗ ಪ್ರೀತಿಯಿಂದ ತಂದುಕೊಡುತ್ತಾನೆ. ಅದರಲ್ಲಿ ಸೋಡಿಯಂ ಕಡಿಮೆ ಮಾಡಲು ಸೇರಿಸಿರುವುದು ಪೊಟ್ಯಾಶಿಯಂ ಕ್ಲೋರೈಡನ್ನೇ. ಕಿಡ್ನಿ ರೋಗಿಗೆ ಇದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಇಂದುಪ್ಪು ಒಳ್ಳೆಯದೆಂಬ ಮಾತೂ ಟೊಳ್ಳು. ಅದೂ ಹೆಚ್ಚುಕಡಿಮೆ ಅದೇ ಸೋಡಿಯಂ ಕ್ಲೋರೈಡ್, ಬಣ್ಣ ಬೇರೆ, ಬೆಲೆ ಬೇರೆ.

ಹಾಗಾದರೆ ತಿನ್ನುವುದೇನು? ಈ ಪ್ರಶ್ನೆ ಕೇಳುವ ಹೊತ್ತಿಗೆ ಮನೆಯ ಹೆಂಗಸರು ಅರ್ಧ ಸೋತಿರುತ್ತಾರೆ. ಅಷ್ಟು ಸೋಲುವ ಅಗತ್ಯವಿಲ್ಲ. ಸೋರೆ, ಹೀರೆ, ಪಡುವಲ, ಮುಳ್ಳುಸೌತೆ, ಎಲೆಕೋಸು ಇವುಗಳಲ್ಲಿ ಪೊಟ್ಯಾಶಿಯಂ ಕಡಿಮೆ. ಹಣ್ಣಿನಲ್ಲಿ ಅನಾನಸು, ಸೇಬು ಅಳತೆಯಲ್ಲಿ ಆಗಬಹುದು. ಅನಾನಸು ನಮ್ಮ ಗುಡ್ಡದಲ್ಲೇ ಬೆಳೆಯುವಾಗ ದುಬಾರಿ ಸೇಬಿಗೆ ಹೋಗಬೇಕಾಗಿಯೂ ಇಲ್ಲ. ಪೇರಳೆ ಬೇಡ. ಹರಿವೆ, ಬಸಳೆ, ನುಗ್ಗೆಸೊಪ್ಪು, ಗೆಣಸು, ಸುವರ್ಣಗಡ್ಡೆ, ಬಾಳೆಕಾಯಿ ಅಪರೂಪಕ್ಕೆ ಮಾಡುವುದಾದರೆ ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಬೇಕು. ಸೊಪ್ಪು ಬೇಯಿಸಿದ ನೀರು ಚೆಲ್ಲುವುದು ಪಾಪ ಎಂದು ಕಲಿತು ಬಂದ ಕೈಗೆ ಇದು ಕಷ್ಟವೇ. ಆದರೆ ಪೊಟ್ಯಾಶಿಯಂ ಇಳಿಯುವುದು ಆ ನೀರಿಗೆ. ಅದೇ ನೀರಿನಲ್ಲಿ ಸಾರು ಮಾಡಿದರೆ ಬೇಯಿಸಿದ್ದೇ ದಂಡ. ಹಬೆಯಲ್ಲಿ ಬೇಯಿಸಿದರೂ ಉಪಯೋಗವಿಲ್ಲ. ಸಕ್ಕರೆ ಕಾಯಿಲೆಯೂ ಇದ್ದು ಶುಗರ್ ದಿಢೀರ್ ಇಳಿದರೆ ಮೂಸಂಬಿ ಜ್ಯೂಸ್ ಬದಲು ಗ್ಲೂಕೋಸ್ ಅಥವಾ ಸಕ್ಕರೆಯನ್ನೇ ಕೊಡುವುದು ಕ್ಷೇಮ. ಕಪ್ಪು ಬಣ್ಣದ ಕೋಲಾಗಳಲ್ಲಿ, ಪ್ಯಾಕೆಟ್ ತಿಂಡಿಗಳಲ್ಲಿ ಸೇರಿಸುವ ಫಾಸ್ಫೇಟ್ ಬಹುಪಾಲು ರಕ್ತಕ್ಕೇ ಸೇರುತ್ತದೆ, ಎಲುಬು ಕೊರೆಯುತ್ತದೆ. ಅದನ್ನು ಬಿಟ್ಟರೆ ಯಾರಿಗೂ ನಷ್ಟವಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮದ್ದು. ಡಯಾಲಿಸಿಸ್‌ಗೆ ಮೊದಲು ಬೇಳೆ, ಮೀನು, ಮೊಟ್ಟೆ ಕಡಿಮೆ ಮಾಡಿ ಎಂದಿರುತ್ತಾರೆ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.6ರಿಂದ 0.8 ಗ್ರಾಂ ಪ್ರೋಟೀನ್ ಎಂಬ ಲೆಕ್ಕ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ: ಕಿಲೋಗೆ 1ರಿಂದ 1.2 ಗ್ರಾಂ ಬೇಕು, ಯಾಕೆಂದರೆ ಪ್ರತಿ ಸಲವೂ ಯಂತ್ರದಲ್ಲಿ ಒಂದಷ್ಟು ಹೋಗಿಬಿಡುತ್ತದೆ. ಹಳೇ ಚೀಟಿಯನ್ನೇ ಗೋಡೆಗೆ ಅಂಟಿಸಿಕೊಂಡ ಮನೆಗಳಲ್ಲಿ ರೋಗಿ ಗಂಜಿ ಉಂಡು ಕಡ್ಡಿಯಾಗುತ್ತಾನೆ. ಅವನಿಗೆ ಬೇಕಿರುವುದು ಮೊಟ್ಟೆಯ ಬಿಳಿಭಾಗ, ಉಪ್ಪು ಹಾಕಿ ಒಣಗಿಸದ ಹಸಿ ಮೀನು. ಅದೇ ರೀತಿ ರೋಗ ಮೊದಲ ಹಂತದಲ್ಲಿದ್ದು ಪೊಟ್ಯಾಶಿಯಂ ಸರಿಯಾಗಿರುವವರು ಪಕ್ಕದ ಮನೆಯವರ ಚೀಟಿ ನೋಡಿ ಹಣ್ಣು, ಸೊಪ್ಪು ಎಲ್ಲ ಬಿಟ್ಟು ಕೂರಬೇಕಾದ್ದಿಲ್ಲ. ಒಬ್ಬರ ಪಥ್ಯ ಇನ್ನೊಬ್ಬರದ್ದಲ್ಲ. ಒಬ್ಬರದೇ ಪಥ್ಯ ಆರು ತಿಂಗಳಲ್ಲಿ ಬದಲಾಗುತ್ತದೆ.

ಇಷ್ಟನ್ನೂ ಯಾರು ಹೇಳಬೇಕು, ಯಾವ ಭಾಷೆಯಲ್ಲಿ ಹೇಳಬೇಕು ಎಂಬಲ್ಲಿಗೆ ಗಡಿನಾಡಿನ ಮಾಮೂಲಿ ಗೋಳು ಬರುತ್ತದೆ. ಇಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಗುವ ಪಥ್ಯದ ಚೀಟಿ ಹೆಚ್ಚಾಗಿ ಮಲಯಾಳದಲ್ಲಿ, ಮಂಗಳೂರಿನಿಂದ ತಂದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅಡುಗೆ ಮಾಡುವ ಅತ್ತೆ ಕಲಿತದ್ದು ಕನ್ನಡ ಶಾಲೆಯಲ್ಲಿ. ಪೇಟೆಯಲ್ಲಿ ಮಲಯಾಳ ಮಾತಾಡಿ ಸಾಮಾನು ತರುತ್ತಾರೆ, ಓದಲು ಬರುವುದಿಲ್ಲ. ಮೊಮ್ಮಗ ಓದಿ ಹೇಳಿದರೂ ‘ಕರಿಕ್ಕ್’ ಎಂದರೆ ಸೀಯಾಳ, ‘ಚಕ್ಕ’ ಎಂದರೆ ಹಲಸು ಎಂದು ತಿಳಿದೀತು. ಮಲಯಾಳದ ಚೀಟಿಯಲ್ಲಿ ಉಪ್ಪುಸೊಳೆ, ಪತ್ರೊಡೆಯ ಕೆಸು ಬರೆದಿರುತ್ತದೆಯೇ? ‘ಪೊಟ್ಯಾಸಿಯಂ ರಿಚ್ ಫುಡ್ಸ್ ಅವಾಯ್ಡ್’ ಎಂಬ ಒಂದು ಸಾಲಿನಿಂದ ಯಾವ ಅಡುಗೆಯೂ ಬದಲಾಗುವುದಿಲ್ಲ.

ಇದು ಔದಾರ್ಯ ಬೇಡುವ ಮಾತಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇಲ್ಲಿಯ ಕನ್ನಡಿಗರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು ಎಂಬ ಏರ್ಪಾಡು ಸೇರಿತ್ತು. ಅರ್ಜಿಗೆ ಕನ್ನಡದಲ್ಲಿ ಉತ್ತರ ಕೊಡಬೇಕೆಂದು ಐದು ದಶಕಗಳ ಹಿಂದೆಯೇ ಒಪ್ಪಿಕೊಂಡ ಮೇಲೆ, ಪ್ರಾಣ ಉಳಿಸುವ ಒಂದು ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಯಾವ ಹೊಸ ಆದೇಶ ಬೇಕು? ಡಯಾಲಿಸಿಸ್ ಘಟಕ ಇರುವ ಆಸ್ಪತ್ರೆಗಳು ಒಂದು ಹಾಳೆ, ಎರಡು ಬದಿ, ಊರಿನ ಹೆಸರುಗಳಲ್ಲಿ ಮಾಡಿಸಿದರೆ ಸಾಕು. ಅಕ್ಷರ ಓದಲಾರದ ಹಿರಿಯರಿಗಾಗಿ ದಾರೆಹುಳಿ, ಸೀಯಾಳ, ಭರಣಿಯ ಚಿತ್ರ ಹಾಕಿ ಮೇಲೊಂದು ಅಡ್ಡಗೆರೆ ಎಳೆದರೂ ಆದೀತು. ಖರ್ಚಿನ ಮಾತಾಡುವ ಪಂಚಾಯತುಗಳು ಒಂದು ಉದ್ಘಾಟನೆಯ ಬ್ಯಾನರಿಗೆ ಎಷ್ಟಾಗುತ್ತದೆಂದು ನೋಡಿಕೊಳ್ಳಲಿ.

ಆ ಹಾಳೆಯಲ್ಲಿ ಡಯಾಲಿಸಿಸ್ ತಪ್ಪಿದ ದಿನದ ಪಥ್ಯಕ್ಕೂ ನಾಲ್ಕು ಸಾಲು ಇರಬೇಕು. ಗಡಿಯವರಿಗೆ ಇದು ಊಹೆಯ ಮಾತಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಕಾಲಕ್ಕೆ ತಲಪಾಡಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಇಲ್ಲಿಯ ರೋಗಿಗಳು ದಾರಿ ಸಿಗದೆ ಸತ್ತರು. ಕೋರ್ಟಿನ ತನಕ ಹೋಗಿ ಏಪ್ರಿಲಿನಲ್ಲಿ ಆಂಬ್ಯುಲೆನ್ಸಿಗೆ ದಾರಿ ಬಿಟ್ಟದ್ದು. ಗಡಿ ತೆರೆದಿದ್ದರೂ ಹರತಾಳ ಉಂಟು, ಮಳೆಗಾಲದಲ್ಲಿ ಗುಡ್ಡ ಕುಸಿಯುವುದುಂಟು. ಅಂಥ ದಿನ ಹಣ್ಣು, ಸೊಪ್ಪು, ಬೇಳೆಕಟ್ಟು ಪೂರ್ತಿ ನಿಲ್ಲಿಸಿ, ಉಪ್ಪಿಲ್ಲದ ಅನ್ನ, ಅವಲಕ್ಕಿ, ಸಕ್ಕರೆ, ಬಸಿದ ಸೋರೆಕಾಯಿಯಂಥದ್ದರಲ್ಲಿ ದಿನ ದೂಡಬೇಕು, ನೀರನ್ನು ಇನ್ನಷ್ಟು ಬಿಗಿಹಿಡಿಯಬೇಕು, ಘಟಕಕ್ಕೆ ಫೋನ್ ಮಾಡಿ ಬೇರೆ ಎಲ್ಲಿ ಯಂತ್ರ ಖಾಲಿ ಇದೆ ಎಂದು ಕೇಳಬೇಕು. ಉಸಿರು ಕಟ್ಟಿದರೆ, ಕೈಕಾಲು ಸೋತುಬಂದರೆ ನಾಳೆಗೆ ಕಾಯಬಾರದು.

ಅಷ್ಟರವರೆಗೆ ಮನೆಯವರು ಮಾಡಬಹುದಾದ್ದು ಒಂದುಂಟು. ಮುಂದಿನ ಸಲ ರಕ್ತಪರೀಕ್ಷೆಯ ರಿಪೋರ್ಟು ಬಂದಾಗ ಕ್ರಿಯಾಟಿನಿನ್ ಒಂದನ್ನೇ ನೋಡಿ ಮಡಚಿಡಬೇಡಿ. ಪೊಟ್ಯಾಶಿಯಂ ಎಷ್ಟು, ಫಾಸ್ಫರಸ್ ಎಷ್ಟು ಎಂದು ಬರೆದುಕೊಂಡು, ಅಡುಗೆ ಮಾಡುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ‘ಹಲಸಿನಕಾಯಿ ಪಲ್ಯ ಆಗ್ತದಾ, ಬಸಳೆ ಆಗ್ತದಾ’ ಎಂದು ಹೆಸರು ಹಿಡಿದೇ ಕೇಳಿ.